ಬೆಳಗ್ಗೆ ಸ್ಮಾರಕ, ಮಧ್ಯಾಹ್ನ ಕಡಲ ದಂಡೆ

ಹವಾಯಿಯ ಒವಾಹು ದ್ವೀಪಕ್ಕೆ ಹೋದವರು ಒಂದು ದಿನಕ್ಕೆ ಕಾರು ಗೊತ್ತುಮಾಡಿಕೊಂಡರೆ ಆ ದಿನದ ಏರ್ಪಾಡು ಹೆಚ್ಚುಕಡಿಮೆ ಹೀಗಿರುತ್ತದೆ. ಬೆಳಗ್ಗೆ ಹೋಟೆಲಿನ ಬಾಗಿಲಿಗೆ ಕಾರು ಬರುತ್ತದೆ. ಮೊದಲು ಪರ್ಲ್ ಹಾರ್ಬರ್, ಅಲ್ಲಿ ಮುಳುಗಿದ ಯುದ್ಧನೌಕೆ ಅರಿಝೋನಾದ ಸ್ಮಾರಕ. ಆಮೇಲೆ ಪಂಚ್‌ಬೌಲ್ ಎಂಬ ಆರಿದ ಜ್ವಾಲಾಮುಖಿಯ ಮಡಿಲಲ್ಲಿ ಹರಡಿಕೊಂಡಿರುವ ಸೈನಿಕರ ಸಮಾಧಿಭೂಮಿ. ಅಲ್ಲಿಂದ ಮುಂದೆ ದಿನದ ಬಣ್ಣವೇ ಬೇರೆ. ಉತ್ತರ ದಂಡೆಯ ಹಲೆಇವಾ ಊರಿನಲ್ಲಿ ಬಣ್ಣದ ಪಾಕ ಸುರಿದ ಐಸು, ಲನಿಯಾಕಿಯಾದ ಮರಳಿನ ಮೇಲೆ ಬಿಸಿಲು ಕಾಯಿಸಿಕೊಳ್ಳುವ ಕಡಲಾಮೆ, ಕಹುಕುವಿನಲ್ಲಿ ಬೆಳ್ಳುಳ್ಳಿ ಹಾಕಿ ಹುರಿದ ಸಿಗಡಿ, ಹೊತ್ತು ಇಳಿಯುವಾಗ ವೈಕಿಕಿ. ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋದ ನಮ್ಮ ಕಡೆಯ ತಂದೆತಾಯಿಯರೂ ಈಗ ಇಂಥ ಕಾರಿನಲ್ಲಿ ಕೂತು ದ್ವೀಪ ಸುತ್ತುತ್ತಾರೆ.

ಸಾವಿರಕ್ಕೂ ಹೆಚ್ಚು ಜನ ಸತ್ತ ಜಾಗದಲ್ಲಿ ತಲೆತಗ್ಗಿಸಿ ನಿಂತು, ಅದೇ ದಿನ ಕಡಲಾಟಕ್ಕೆ ಇಳಿಯುವುದು ಸರಿಯೇ? ಸರಿಯಲ್ಲ ಎನ್ನುವವರು ಬಹಳ ಮಂದಿ. ಶೋಕವನ್ನೂ ಸುಖವನ್ನೂ ಒಂದೇ ಟಿಕೆಟ್ಟಿನಲ್ಲಿ ಮಾರುವುದು ಸತ್ತವರಿಗೆ ಮಾಡುವ ಅವಮಾನ, ಸ್ಮಾರಕಕ್ಕೆ ಹೋಗುವುದಾದರೆ ಅದಕ್ಕೇ ಒಂದು ದಿನ ಇಡಬೇಕು ಎಂಬುದು ಅವರ ವಾದ. ಆ ಮಾತಿನ ಹಿಂದಿರುವ ಕಳಕಳಿ ನನಗೆ ಅರ್ಥವಾಗುತ್ತದೆ, ಆದರೆ ಅವರು ತಪ್ಪನ್ನು ಹುಡುಕುತ್ತಿರುವ ಜಾಗ ಬೇರೆ. ಎರಡನ್ನೂ ಒಂದೇ ದಿನ ನೋಡುವುದರಲ್ಲಿ ತಪ್ಪಿಲ್ಲ. ಮಧ್ಯಾಹ್ನದ ಹೊತ್ತಿಗೆ ಯುದ್ಧ ಮುಗಿಯಿತು, ಇನ್ನು ಮೇಲೆ ಬರುವುದು ಬರೀ ಮರಳು ಮತ್ತು ನೀರು ಎಂದು ನಂಬಿಸುತ್ತಾರಲ್ಲ, ತಪ್ಪಿರುವುದು ಅದರಲ್ಲಿ.

ಅರಿಝೋನಾ ಸ್ಮಾರಕ ಎದ್ದ ಬಗೆಯನ್ನೇ ನೋಡೋಣ. 1941ರ ಡಿಸೆಂಬರ್ 7, ಭಾನುವಾರ, ಬೆಳಗ್ಗೆ ಎಂಟಕ್ಕೆ ಇನ್ನೂ ಕೆಲವು ನಿಮಿಷ ಇರುವಾಗ ಜಪಾನಿನ ವಿಮಾನಗಳು ಬಂದರಿನ ಮೇಲೆ ಎರಗಿದವು. ಅರಿಝೋನಾ ಒಂದರಲ್ಲೇ 1,177 ಮಂದಿ ಸತ್ತರು. ಒಂಬೈನೂರಕ್ಕೂ ಹೆಚ್ಚು ಜನರ ದೇಹಗಳು ಇಂದಿಗೂ ಹಡಗಿನೊಳಗೇ ಇವೆ. ದಾಳಿಯ ಹಿಂದಿನ ರಾತ್ರಿ ಬಂದರಿನ ಬ್ಲಾಕ್ ಅರೀನಾ ಎಂಬ ಸಭಾಂಗಣದಲ್ಲಿ ನೌಕಾಪಡೆಯ ಬ್ಯಾಂಡುಗಳ ಸ್ಪರ್ಧೆ ನಡೆದಿತ್ತು. ಅರಿಝೋನಾದ ಬ್ಯಾಂಡು ಅದಕ್ಕೂ ಮುಂಚಿನ ಸುತ್ತಿನಲ್ಲೇ ಗೆದ್ದು ಫೈನಲ್‌ಗೆ ಕಾದಿತ್ತು. ಬೆಳಗಾದ ಮೇಲೆ ಆ ಬ್ಯಾಂಡಿನ ಒಬ್ಬ ಹುಡುಗನೂ ಉಳಿಯಲಿಲ್ಲ. ಇಪ್ಪತ್ತು ವರ್ಷ ಕಳೆದ ಮೇಲೆ, ಸ್ಮಾರಕ ಕಟ್ಟಲು ಹಣ ಸಾಲದೆ ಕೆಲಸ ಕುಂಟುತ್ತಿದ್ದಾಗ, ಅದೇ ಬ್ಲಾಕ್ ಅರೀನಾದಲ್ಲಿ 1961ರ ಮಾರ್ಚ್ 25ರಂದು ಎಲ್ವಿಸ್ ಪ್ರೀಸ್ಲಿ ಹಾಡಿದ. ಐವತ್ತು ಸಾವಿರ ಡಾಲರಿಗೂ ಹೆಚ್ಚು ಹಣ ಕೂಡಿತು, ನಿಂತ ಕೆಲಸ ಮತ್ತೆ ಸಾಗಿತು. 1962ರಲ್ಲಿ ಸ್ಮಾರಕ ತೆರೆಯಿತು. ಇಂದು ನಾವು ಪಿಸುಮಾತೂ ಆಡದೆ ನಿಲ್ಲುವ ಆ ಬಿಳಿಯ ಕಟ್ಟಡದಲ್ಲಿ ರಾಕ್ ಅಂಡ್ ರೋಲ್ ಕೇಳಿ ಕುಣಿದವರ ದುಡ್ಡೂ ಇದೆ. ಇದರಿಂದ ಸ್ಮಾರಕಕ್ಕೆ ಏನೂ ಕುಂದಾಗಿಲ್ಲ. ಹಡಗಿನೊಳಗಿರುವವರಲ್ಲಿ ಹೆಚ್ಚಿನವರು ಹಾಡು ಕುಣಿತ ಬಯಸುವ ಪ್ರಾಯದ ಹುಡುಗರೇ. ರಜೆ ಸಿಕ್ಕಾಗ ಅವರು ಓಡುತ್ತಿದ್ದುದೂ ವೈಕಿಕಿಯ ಕಡೆಗೇ.

ಆ ಕಟ್ಟಡದ ವಾಸ್ತುಶಿಲ್ಪಿ ಆಲ್ಫ್ರೆಡ್ ಪ್ರೈಸ್ ಕೂಡ ಈ ಕತೆಗೆ ಸೇರಿದವನು. ವಿಯೆನ್ನಾದಲ್ಲಿ ಹುಟ್ಟಿ, ನಾಜಿಗಳಿಂದ ತಪ್ಪಿಸಿಕೊಂಡು 1939ರಲ್ಲಿ ಹವಾಯಿಗೆ ಬಂದವನು. ದಾಳಿ ನಡೆದ ಕೂಡಲೇ ‘ಶತ್ರುದೇಶದವನು’ ಎಂದು ಅವನನ್ನೂ ಅವನ ಹೆಂಡತಿಯನ್ನೂ ಹಿಡಿದು ಹೊನೊಲುಲು ಬಂದರಿನ ಸ್ಯಾಂಡ್ ಐಲೆಂಡ್ ಶಿಬಿರದಲ್ಲಿ ಕೂಡಿಹಾಕಿದರು. ಹೀಗೆ ಆ ಯುದ್ಧ ಕೈದಿಯಾಗಿಸಿದವನೊಬ್ಬನ ಕೈಯಲ್ಲೇ ಅದರ ಹೆಸರಾಂತ ಸ್ಮಾರಕವೊಂದರ ನಕ್ಷೆ ತಯಾರಾಯಿತು. ಎರಡೂ ತುದಿ ಎತ್ತರ, ನಡುವೆ ಬಾಗು. ಮುಳುಗಿದ ಹಡಗಿಗೆ ಅಡ್ಡಲಾಗಿ, ಅದನ್ನು ಎಲ್ಲೂ ಮುಟ್ಟದೆ ನಿಂತಿದೆ. ಕೆಳಗೆ ಹಡಗಿನ ಹೊಟ್ಟೆಯಿಂದ ಎಣ್ಣೆ ಇವತ್ತಿಗೂ ತೊಟ್ಟು ತೊಟ್ಟಾಗಿ ಮೇಲೇಳುತ್ತದೆ. ದಾಳಿಯಲ್ಲಿ ಬದುಕುಳಿದವರಲ್ಲಿ ನಲವತ್ತಕ್ಕೂ ಹೆಚ್ಚು ಮಂದಿ, ತಾವು ಸತ್ತ ಮೇಲೆ ತಮ್ಮ ಬೂದಿಯನ್ನು ಗೆಳೆಯರ ಜೊತೆಗೇ ಇಡಬೇಕೆಂದು ಕೇಳಿಕೊಂಡರು. ಮುಳುಗುಗಾರರು ಆ ಕರಂಡಗಳನ್ನು ಹಡಗಿನೊಳಗೆ ಇಟ್ಟು ಬಂದಿದ್ದಾರೆ.

ಸುಖ ಮತ್ತು ಸ್ಮರಣೆ ಜೊತೆಗಿರಬಾರದು ಎನ್ನುವವರು ವೈಕಿಕಿಯ ಪೂರ್ವದ ಅಂಚಿಗೂ ಹೋಗಿ ಬರಬೇಕು. ಅಲ್ಲಿ ಒಂದು ಈಜುಕೊಳವಿದೆ. ನೂರು ಮೀಟರ್ ಉದ್ದ, ತುಂಬುತ್ತಿದ್ದುದು ಕಡಲ ನೀರು, ಮುಂದೆ ಭಾರಿ ಕಮಾನು. ಮೊದಲ ಮಹಾಯುದ್ಧಕ್ಕೆ ಹೋದ ಹವಾಯಿಯವರ ನೆನಪಿಗೆ ಕಟ್ಟಿದ್ದು. ಶಿಲೆಯ ಬದಲು ಜನ ಬಳಸುವಂಥದ್ದೊಂದು ಸ್ಮಾರಕವಾಗಲಿ ಎಂಬುದು ಆ ಕಾಲದವರ ಆಸೆ. 1927ರ ಆಗಸ್ಟ್ 24ರಂದು ಅದು ತೆರೆದಾಗ ಮೊದಲು ಈಜಿದವನು ಒಲಿಂಪಿಕ್ ಚಿನ್ನ ಗೆದ್ದ ದ್ವೀಪದ ಮಗ ಡ್ಯೂಕ್ ಕಹನಮೋಕು. ಅಂದು ಅವನ ಹುಟ್ಟುಹಬ್ಬ. ಸತ್ತವರ ಹೆಸರಿನಲ್ಲಿ ಮಕ್ಕಳು ಈಜು ಕಲಿಯುವ ಜಾಗ! ಇದಕ್ಕಿಂತ ಹೃದಯವಂತ ಯುದ್ಧಸ್ಮಾರಕದ ಕಲ್ಪನೆ ನನಗೆ ತಿಳಿದಿಲ್ಲ. ಆದರೆ ಉಪ್ಪುನೀರು ಕಾಂಕ್ರೀಟನ್ನು ತಿಂದಿತು, ದುರಸ್ತಿಗೆ ಕೈ ಬಿಚ್ಚುವವರಿರಲಿಲ್ಲ, 1979ರಲ್ಲಿ ಬಾಗಿಲು ಮುಚ್ಚಿತು. ಕೆಡವಬೇಕೋ ಕಟ್ಟಬೇಕೋ ಎಂಬ ಜಗಳ ದಶಕಗಳ ಕಾಲ ನಡೆಯಿತು. ಅದನ್ನು ಹಾಳುಮಾಡಿದ್ದು ಅಲ್ಲಿ ನಗುತ್ತ ಈಜಿದವರಲ್ಲ.

ಹಾಗಾದರೆ ಸ್ಮಾರಕದಿಂದ ದಂಡೆಗೆ ನೇರ ಹಾರಬಹುದೇ? ಅದಕ್ಕೂ ನನ್ನ ಮನಸ್ಸು ಒಪ್ಪುವುದಿಲ್ಲ. ನಮ್ಮಲ್ಲಿ ಸಾವಿನ ಮನೆಯಲ್ಲಿ ಕಡೆಗೊಂದು ದಿನ ಸಿಹಿ ಊಟ ಇದ್ದೇ ಇರುತ್ತದೆ. ಹೋಳಿಗೆ ಬಡಿಸಿದ್ದಕ್ಕೆ ಸತ್ತವರಿಗೆ ಅವಮಾನವಾಯಿತು ಎಂದು ಯಾರೂ ಅನ್ನುವುದಿಲ್ಲ. ಆದರೆ ಮಸಣಕ್ಕೂ ಆ ಎಲೆಗೂ ನಡುವೆ ಸ್ನಾನವಿದೆ, ದಿನಗಳಿವೆ, ಬಂದವರೊಡನೆ ಸತ್ತವರ ಮಾತಾಡುವ ಬಿಡುವಿದೆ. ಪ್ರವಾಸದ ದಿನದಲ್ಲಿ ಕಳೆದುಹೋಗುವುದು ಈ ನಡುವಿನ ಹೊತ್ತು. ಸ್ಮಾರಕದ ದೋಣಿ ಇಳಿದ ಐದನೇ ನಿಮಿಷಕ್ಕೆ ಕಾರಿನಲ್ಲಿ ಮುಂದಿನ ಜಾಗದ ತಿಂಡಿಯ ಮಾತು ಶುರುವಾಗುತ್ತದೆ. ಬೆಳಗ್ಗೆ ನೋಡಿದ್ದು ಮನಸ್ಸಿನೊಳಗೆ ಇಳಿಯುವ ಮೊದಲೇ ಅದರ ಮೇಲೆ ಇನ್ನೊಂದು ಬಂದು ಕೂತಿರುತ್ತದೆ.

ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ವಿರಾಮಕ್ಕೆಂದು ಗುರುತು ಹಾಕಿದ ಆ ದಂಡೆಗಳನ್ನೇ ಒಂದೊಂದಾಗಿ ನೋಡಿ. ಐಸು ತಿನ್ನಲು ನಿಲ್ಲಿಸುವ ಹಲೆಇವಾದಲ್ಲಿ ಅಂದು ಒಂದು ಚಿಕ್ಕ ವಿಮಾನನೆಲೆಯಿತ್ತು. ದಾಳಿಯ ಸದ್ದು ಕೇಳಿದ ಕೂಡಲೇ ಜಾರ್ಜ್ ವೆಲ್ಚ್ ಮತ್ತು ಕೆನ್ನೆತ್ ಟೇಲರ್ ಎಂಬ ಇಬ್ಬರು ಯುವ ಪೈಲಟ್‌ಗಳು ದ್ವೀಪದ ನಡುವಿನ ವೀಲರ್ ನೆಲೆಯಿಂದ ಕಾರಿನಲ್ಲಿ ಧಾವಿಸಿ, ಅಲ್ಲಿಂದಲೇ ವಿಮಾನ ಹಾರಿಸಿ ಎದುರಿಸಿದರು. ಸಿಗಡಿಗೆ ಹೆಸರಾದ ಕಹುಕುವಿನ ಹತ್ತಿರದ ಒಪಾನಾ ದಿಣ್ಣೆಯ ಮೇಲೆ ರೇಡಾರ್ ಇತ್ತು. ಸುಮಾರು 210 ಕಿಲೋಮೀಟರ್ ದೂರದಲ್ಲಿ ವಿಮಾನಗಳ ದೊಡ್ಡ ಗುಂಪು ಬರುತ್ತಿರುವುದನ್ನು ಇಬ್ಬರು ಸೈನಿಕರು ಬೆಳಗ್ಗೆ 7.02ಕ್ಕೇ ಕಂಡು ಫೋನ್ ಮಾಡಿದರು. ಕ್ಯಾಲಿಫೋರ್ನಿಯಾದಿಂದ ಬರಬೇಕಿದ್ದ ನಮ್ಮದೇ ವಿಮಾನಗಳಿರಬೇಕು, ಚಿಂತೆ ಬೇಡ ಎಂದು ಅತ್ತ ಕಡೆಯ ಅಧಿಕಾರಿ ಹೇಳಿಬಿಟ್ಟ. ಪೂರ್ವ ದಂಡೆಯ ಬೆಲೋಸ್‌ನಲ್ಲಿ ಮರುದಿನ ಬೆಳಗ್ಗೆ ಜಪಾನಿನ ಪುಟ್ಟ ಜಲಾಂತರ್ಗಾಮಿಯ ಅಧಿಕಾರಿ ಕಝುವೊ ಸಕಮಕಿ ಅಲೆಗಳು ತಂದು ಹಾಕಿದಂತೆ ಮರಳಿನ ಮೇಲೆ ಸಿಕ್ಕ. ಹಿಡಿದವನು ಹವಾಯಿಯ ಮೂಲನಿವಾಸಿ ಸೈನಿಕ ಡೇವಿಡ್ ಅಕುಯಿ. ಅಂಥ ಐದು ಜಲಾಂತರ್ಗಾಮಿಗಳಲ್ಲಿ ಬಂದ ಹತ್ತು ಮಂದಿಯಲ್ಲಿ ಒಂಬತ್ತು ಜನ ಸತ್ತರು; ಜಪಾನ್ ಆ ಒಂಬತ್ತು ಮಂದಿಯನ್ನು ಯುದ್ಧದೇವತೆಗಳೆಂದು ಮೆರೆಸಿತು, ಬದುಕಿ ಸಿಕ್ಕಿಬಿದ್ದ ಹತ್ತನೆಯವನ ಹೆಸರನ್ನೇ ಬಿಟ್ಟಿತು. ಸಾಯದೆ ಉಳಿದದ್ದಕ್ಕೆ ಒಬ್ಬ ಮನುಷ್ಯ ತೆತ್ತ ಬೆಲೆ ಅದು. ಆ ಮರಳಿನ ಮೇಲೆ ಚಾಪೆ ಹಾಸುವ ಮುಂಚೆ ಇಷ್ಟನ್ನು ತಿಳಿದುಕೊಂಡರೆ ಈಜಿನ ಖುಷಿ ಕಡಿಮೆಯಾದೀತೆಂದು ನನಗನ್ನಿಸುವುದಿಲ್ಲ.

ಇನ್ನು ವೈಕಿಕಿ. ದಾಳಿಯ ದಿನವೇ ಹವಾಯಿಯಲ್ಲಿ ಸೈನಿಕ ಆಡಳಿತ ಜಾರಿಯಾಗಿ 1944ರ ಅಕ್ಟೋಬರ್‌ವರೆಗೆ ಉಳಿಯಿತು. ಈ ದಂಡೆಯ ಉದ್ದಕ್ಕೂ ಮುಳ್ಳುತಂತಿ ಎಳೆದರು. ಗುಲಾಬಿ ಬಣ್ಣದ ರಾಯಲ್ ಹವಾಯಿಯನ್ ಹೋಟೆಲನ್ನು ನೌಕಾಪಡೆ ತೆಗೆದುಕೊಂಡು, ಕಡಲಿನಿಂದ ದಣಿದು ಬಂದ ನಾವಿಕರಿಗೆ ವಿಶ್ರಾಂತಿಯ ಮನೆ ಮಾಡಿತು. ಬಿಸಿಲಲ್ಲಿ ಮೈಚಾಚಿ, ಊಟ ಮಾಡಿ, ನಿದ್ದೆ ತೀರಿಸಿಕೊಂಡು ಅವರು ಮತ್ತೆ ಜಲಾಂತರ್ಗಾಮಿ ಹತ್ತುತ್ತಿದ್ದರು. ಹಾಗೆ ಹೋದವರಲ್ಲಿ ಎಷ್ಟೋ ಮಂದಿ ಹಿಂದಿರುಗಲಿಲ್ಲ. ಕಡಲ ದಂಡೆಯ ವಿರಾಮ ಎನ್ನುವುದೂ ಇಲ್ಲಿ ಯುದ್ಧದ ಒಂದು ಭಾಗವೇ ಆಗಿತ್ತು.

ಬೆಟ್ಟದ ಮೇಲಿನ ನೂವಾನು ಪಾಲಿಯನ್ನು ಪ್ರವಾಸಪಟ್ಟಿಗಳು ‘ನೋಟದ ಜಾಗ’ ಎಂದಷ್ಟೇ ಬರೆಯುತ್ತವೆ. ಗಾಳಿಗೆ ನಿಲ್ಲಲಾಗದ ಆ ಕಡಿದಾದ ಅಂಚಿನಲ್ಲಿ 1795ರಲ್ಲಿ ರಾಜ ಕಮೆಹಮೆಹನ ಸೈನ್ಯ ಒವಾಹುವಿನ ಯೋಧರನ್ನು ಅಟ್ಟಿಕೊಂಡು ಬಂದಿತು, ನೂರಾರು ಮಂದಿ ಪ್ರಪಾತಕ್ಕೆ ಬಿದ್ದು ಸತ್ತರು. ಒಂದು ಶತಮಾನದ ನಂತರ ರಸ್ತೆ ಅಗೆಯುವಾಗ ಕೆಳಗೆ ತಲೆಬುರುಡೆಗಳು ರಾಶಿಯಾಗಿ ಸಿಕ್ಕವು. ದ್ವೀಪದ ಮೂಲಜನರ ಪಾಲಿಗೆ ಇದೂ ಯುದ್ಧಭೂಮಿಯೇ. ಆದರೆ ಪ್ರವಾಸದ ದಿನದಲ್ಲಿ ಇದು ಫೋಟೋ ತೆಗೆಯುವ ಹತ್ತು ನಿಮಿಷ. ಯಾರ ಸಾವಿಗೆ ಮೌನ, ಯಾರ ಸಾವಿಗೆ ಸೆಲ್ಫಿ ಎಂಬುದನ್ನು ಪಟ್ಟಿ ಬರೆದವರು ನಮಗಾಗಿ ಮೊದಲೇ ತೀರ್ಮಾನಿಸಿರುತ್ತಾರೆ. ಮೀನುಕೊಳಗಳೂ ಮುತ್ತಿನ ಚಿಪ್ಪುಗಳೂ ತುಂಬಿದ್ದ ಪರ್ಲ್ ಹಾರ್ಬರ್ ಕೊಲ್ಲಿಯನ್ನು 1887ರಲ್ಲಿ ಸಕ್ಕರೆ ವ್ಯಾಪಾರದ ಒಪ್ಪಂದದೊಳಗೆ ಸೇರಿಸಿ ಅಮೆರಿಕದ ನೌಕಾಪಡೆಗೆ ಬಿಟ್ಟುಕೊಟ್ಟದ್ದು, 1893ರಲ್ಲಿ ರಾಣಿ ಲಿಲಿಉಒಕಲಾನಿಯನ್ನು ಪಟ್ಟದಿಂದ ಇಳಿಸಿದ್ದು, 1898ರಲ್ಲಿ ದ್ವೀಪವನ್ನೇ ಸೇರಿಸಿಕೊಂಡದ್ದು ಎಲ್ಲ ಆ ತೀರ್ಮಾನದ ಆಚೆ ಉಳಿಯುತ್ತವೆ. ಜಪಾನಿ ಮೂಲದವರನ್ನು ಕೂಡಿಹಾಕಿದ ಹೊನೊಉಲಿಉಲಿ ಶಿಬಿರದ ಕಣಿವೆಯೂ ಅಷ್ಟೇ. 2015ರಲ್ಲಿ ಅದಕ್ಕೆ ರಾಷ್ಟ್ರೀಯ ಸ್ಮಾರಕದ ಮಾನ್ಯತೆ ಬಂದಿದ್ದರೂ ದಿನದ ಸುತ್ತಿನಲ್ಲಿ ಅದಕ್ಕೆ ಜಾಗವಿಲ್ಲ.

1941ರ ಆ ಯುದ್ಧ ಹಳೆಯದಾಗಿ ಮುಗಿದುಹೋದದ್ದೂ ಅಲ್ಲ. ಪರ್ಲ್ ಹಾರ್ಬರ್‌ನ ಹಡಗುಗಳಿಗೆಂದು 1940ರ ದಶಕದ ಮೊದಲಲ್ಲಿ ರೆಡ್ ಹಿಲ್ ಗುಡ್ಡದೊಳಗೆ ಕೊರೆದು ಕಟ್ಟಿದ ಇಂಧನದ ತೊಟ್ಟಿಗಳಿಂದ 2021ರಲ್ಲಿ ಇಂಧನ ಸೋರಿ ಕುಡಿಯುವ ನೀರಿಗೆ ಸೇರಿತು. ಸುಮಾರು 93,000 ಜನರಿಗೆ ನೀರು ಕೊಡುತ್ತಿದ್ದ ವ್ಯವಸ್ಥೆ ಅದು. ಒಕ್ಲಹೋಮಾ ಎಂಬ ಇನ್ನೊಂದು ಹಡಗಿನಲ್ಲಿ 429 ಮಂದಿ ಸತ್ತಿದ್ದರು. ಅವರಲ್ಲಿ ಗುರುತು ಸಿಗದವರ ಅಸ್ಥಿಗಳನ್ನು ಪಂಚ್‌ಬೌಲ್‌ನಲ್ಲಿ ಹೂತಿದ್ದರು. 2015ರಿಂದ ಅವನ್ನು ಹೊರತೆಗೆದು ಡಿಎನ್‌ಎ ಪರೀಕ್ಷೆಯಿಂದ 350ಕ್ಕೂ ಹೆಚ್ಚು ಮಂದಿಯ ಗುರುತು ಹಿಡಿದರು. ಪಂಚ್‌ಬೌಲ್‌ನ ಗೋಡೆಗಳ ಮೇಲೆ ಕಾಣೆಯಾದವರ 28,000ಕ್ಕೂ ಹೆಚ್ಚು ಹೆಸರುಗಳಿವೆ; ಒಬ್ಬೊಬ್ಬರ ಗುರುತು ಸಿಕ್ಕಂತೆ ಆ ಹೆಸರಿನ ಪಕ್ಕದಲ್ಲಿ ಕಂಚಿನ ಪುಟ್ಟ ಹೂವಿನ ಗುರುತು ಕೂರಿಸುತ್ತಾರೆ. ಅಲ್ಲೇ ಜಪಾನಿ ಮೂಲದ ಡೇನಿಯಲ್ ಇನೊಯೆಯ ಸಮಾಧಿಯೂ ಇದೆ. ದಾಳಿಯ ದಿನ ಹದಿನೇಳರ ಹುಡುಗನಾಗಿ ಗಾಯಾಳುಗಳ ಸೇವೆಗೆ ಓಡಿದವನು, ತನ್ನ ಜನರನ್ನು ಅನುಮಾನಿಸಿದ ದೇಶಕ್ಕಾಗಿಯೇ ಇಟಲಿಯಲ್ಲಿ ಹೋರಾಡಿ ಬಲಗೈ ಕಳೆದುಕೊಂಡವನು, ಆಮೇಲೆ ಅರ್ಧ ಶತಮಾನದಷ್ಟು ಕಾಲ ಸೆನೆಟರ್ ಆಗಿದ್ದವನು. ಒಂದು ಸಮಾಧಿಯ ಮುಂದೆ ಇಷ್ಟನ್ನು ಮಾತಾಡಲು ಕಾಲು ಗಂಟೆ ಬೇಕು. ಕಾರಿನ ಕಿಟಕಿಯಿಂದ ನೋಡಿ ಹೋದವರಿಗೆ ಕಾಣುವುದು ಹಸಿರು ಹುಲ್ಲು ಮಾತ್ರ.

ಕಾರು ನಮ್ಮದೇ, ಹೊತ್ತೂ ನಮ್ಮದೇ ಎಂಬುದು ಖಾಸಗಿ ಪ್ರವಾಸದ ದೊಡ್ಡ ಅನುಕೂಲ. ಗುಂಪಿನ ಬಸ್ಸಿನಲ್ಲಿ ಸಿಗದ ಈ ಕಾಲು ಗಂಟೆ ಇದರಲ್ಲಿ ಸಿಗುತ್ತದೆ. ಮಂಡಿನೋವಿನ ಅಜ್ಜಿ ನಿಧಾನವಾಗಿ ನಡೆಯಬಹುದು, ಮಗು ಕೇಳಿದ್ದಕ್ಕೆ ನಿಂತು ಉತ್ತರಿಸಬಹುದು. ಆದರೆ ಅದಕ್ಕೊಂದು ಕೊರತೆಯೂ ಇದೆ. ನೆನಪು ನಾಲ್ಕು ಜನರ ನಡುವೆ ನಡೆಯಬೇಕಾದ ಕೆಲಸ. ಅರಿಝೋನಾಕ್ಕೆ ಮಾತ್ರ ಯಾರಿಗೂ ಖಾಸಗಿಯಾಗಿ ಹೋಗಲಾಗದು: ಎಲ್ಲರಿಗೂ ಒಂದೇ ನೌಕಾಪಡೆಯ ದೋಣಿ, ಗೊತ್ತಾದ ಸಮಯ, ಕೈಚೀಲವೂ ಹೊರಗೆ. ಆ ದೋಣಿಯಲ್ಲಿ ಪಕ್ಕದಲ್ಲಿ ಕೂತವರು ಸತ್ತ ನಾವಿಕನ ಮೊಮ್ಮಗಳಿರಬಹುದು, ಟೋಕಿಯೋದಿಂದ ಬಂದ ದಂಪತಿಯಿರಬಹುದು. 2016ರ ಡಿಸೆಂಬರಿನಲ್ಲಿ ಅಮೆರಿಕದ ಆಗಿನ ಅಧ್ಯಕ್ಷ ಒಬಾಮ ಮತ್ತು ಜಪಾನಿನ ಆಗಿನ ಪ್ರಧಾನಿ ಶಿಂಜೊ ಅಬೆ ಅಲ್ಲಿ ಜೊತೆಯಾಗಿ ನಿಂತದ್ದನ್ನು ಜಗತ್ತೇ ನೋಡಿತು; ಆ ಕೆಲಸವನ್ನು ಹೆಸರಿಲ್ಲದವರು ಆ ದೋಣಿಯಲ್ಲಿ ದಿನವೂ ಮಾಡುತ್ತಾರೆ. ದಿನದ ಉಳಿದೆಲ್ಲ ಹೊತ್ತು ಬಾಗಿಲು ಮುಚ್ಚಿದ ಕಾರಿನಲ್ಲಿ ಕಳೆಯುವವರಿಗೆ ಈ ಅರ್ಧ ಗಂಟೆಯ ಸಹವಾಸ ಬೇಕೇ ಬೇಕು.

ಆದ್ದರಿಂದ ಇಂಥ ದಿನ ಗೊತ್ತುಮಾಡುವವರಿಗೆ ನಾನು ಹೇಳುವುದು ಇಷ್ಟು. ಪಟ್ಟಿಯನ್ನು ಅರ್ಧಕ್ಕೆ ಇಳಿಸಿ. ಅನಾನಸು ತೋಟದ ಅಂಗಡಿಯನ್ನು ಬಿಡಿ. ಅರಿಝೋನಾ ನೋಡಿದ ಮೇಲೆ ಒಂದು ಗಂಟೆ ಏನನ್ನೂ ಇಟ್ಟುಕೊಳ್ಳಬೇಡಿ, ಉತ್ತರಕ್ಕೆ ಹೋಗುವ ದಾರಿಯೇ ಆ ಬಿಡುವಾಗಲಿ. ಹಲೆಇವಾದಲ್ಲಿ ಐಸು ತಿನ್ನಿ, ಬೇಸಿಗೆಯಾದರೆ ವೈಮಿಯಾ ಕೊಲ್ಲಿಯ ತಿಳಿನೀರಿನಲ್ಲಿ ಮನಸಾರೆ ಈಜಿ. ಚಳಿಗಾಲದಲ್ಲಿ ಅಲ್ಲಿ ಮನೆಯೆತ್ತರದ ಅಲೆ, ದೂರದಿಂದ ನೋಡಿದರೆ ಸಾಕು. ಮತ್ತು ಕಾರು ಓಡಿಸುವವರನ್ನು ಮಾತಾಡಿಸಿ. ಅವರಲ್ಲಿ ದ್ವೀಪದಲ್ಲೇ ಹುಟ್ಟಿ ಬೆಳೆದವರು ಇರುತ್ತಾರೆ. ಮುಳ್ಳುತಂತಿಯ ಕಾಲದಲ್ಲಿ ನಿಮ್ಮ ಮನೆಯವರು ಏನು ಮಾಡುತ್ತಿದ್ದರು, ಈ ದಂಡೆಯಲ್ಲಿ ಮೊದಲು ಯಾರಿದ್ದರು ಎಂದು ಕೇಳಿ, ಉತ್ತರ ಉದ್ದವಾದರೆ ಮುಂದಿನ ಜಾಗವನ್ನು ಬಿಟ್ಟುಬಿಡಿ, ಹೆಚ್ಚಾದ ಹೊತ್ತಿಗೆ ಅವರಿಗೆ ದುಡ್ಡು ಕೊಡಿ.