ಹಳೆ ಗಿಟಾರಿನ ಜಾತಕ

ಕಳೆದ ತಿಂಗಳು ಇದೇ ಅಂಕಣದಲ್ಲಿ, ಹದಿನೈದು ಸಾವಿರದೊಳಗೆ ಮೊದಲ ಎಲೆಕ್ಟ್ರಿಕ್ ಗಿಟಾರ್ ಕೊಳ್ಳೋದು ಹೇಗೆ ಅಂತ ಬರೆದಿದ್ದೆ. ಓದಿದ ಹಲವರು ಕೇಳಿದ ಪ್ರಶ್ನೆ ಒಂದೇ: "ಹಳೆಯ, ದುಬಾರಿ ಗಿಟಾರ್‌ಗಳ ಬಗ್ಗೆ ಯಾವಾಗ ಬರೀತೀರಿ?" ನನಗೆ ಸ್ವಲ್ಪ ಹಿಂಜರಿಕೆ ಇತ್ತು. ಯಾಕಂದ್ರೆ ಆ ವಿಷಯ ಎತ್ತಿದರೆ ನಾನು ಮಾಡಿದ ಒಂದು ದಡ್ಡತನವನ್ನೂ ಹೇಳಬೇಕಾಗುತ್ತೆ. ಇವತ್ತು ಹೇಳಿಬಿಡ್ತೀನಿ.

ಮೊದಲು, ಈ ಗಿಟಾರ್‌ಗಳಿಗೆ ಅಷ್ಟೊಂದು ಬೆಲೆ ಯಾಕೆ ಅನ್ನೋದು ಗೊತ್ತಾಗಬೇಕು. ಹಳೆಯದಾದ ಮಾತ್ರಕ್ಕೆ ಬೆಲೆ ಬರೋದಿಲ್ಲ. 1958ರಿಂದ 1960ರವರೆಗೆ ಅಮೆರಿಕದ ಗಿಬ್ಸನ್ ಕಂಪನಿ ತನ್ನ ಲೆಸ್ ಪಾಲ್ ಗಿಟಾರ್‌ಗೆ ನಡುವೆ ಹಳದಿ, ಅಂಚಿನಲ್ಲಿ ಕೆಂಪು ಇರುವ 'ಸನ್‌ಬರ್ಸ್ಟ್' ಬಣ್ಣ ಹಚ್ಚಿ ಮಾರಿತು. ಆಗಿನ ಬೆಲೆ ಮುನ್ನೂರು ಡಾಲರ್‌ಗಿಂತ ಕಡಿಮೆ. ಆದರೂ ಹೆಚ್ಚು ಖರ್ಚಾಗಲಿಲ್ಲ. 1961ರಲ್ಲಿ ಕಂಪನಿ ಆ ಆಕಾರವನ್ನೇ ಬದಲಿಸಿಬಿಟ್ಟಿತು. 1966ರಲ್ಲಿ ಎರಿಕ್ ಕ್ಲ್ಯಾಪ್ಟನ್ ಅನ್ನೋ ಇಪ್ಪತ್ತೊಂದರ ಹುಡುಗ ಜಾನ್ ಮೇಯಲ್ ಜೊತೆ ಒಂದು ಆಲ್ಬಮ್ ಮಾಡಿದ. ಅದರಲ್ಲಿ ಅವನು ನುಡಿಸಿದ್ದು ಇದೇ ಥರದ ಲೆಸ್ ಪಾಲ್. ಆಮೇಲೆ ಎಲ್ಲರಿಗೂ ಅದೇ ಬೇಕಾಯ್ತು. 1968ರಲ್ಲಿ ಗಿಬ್ಸನ್ ಲೆಸ್ ಪಾಲ್ ತಯಾರಿಕೆಯನ್ನು ಮತ್ತೆ ಶುರು ಮಾಡಬೇಕಾಯಿತು. ಆ ಮೂರು ವರ್ಷದ ಸನ್‌ಬರ್ಸ್ಟ್‌ಗಳು ಸುಮಾರು 1500 ಇರಬಹುದು ಅಂತಾರೆ. ಇವತ್ತು ಒಂದೊಂದಕ್ಕೂ ಲಕ್ಷಗಟ್ಟಲೆ ಡಾಲರ್, ಅಂದರೆ ನಮ್ಮ ಲೆಕ್ಕದಲ್ಲಿ ಕೋಟಿಗಳು.

ಫೆಂಡರ್ ಕಥೆ ಇನ್ನೊಂದು ಥರ. 1965ರ ಜನವರಿಯಲ್ಲಿ ಸಿಬಿಎಸ್ ಅನ್ನೋ ಟಿವಿ-ರೇಡಿಯೋ ಕಂಪನಿ 1.3 ಕೋಟಿ ಡಾಲರ್ ಕೊಟ್ಟು ಫೆಂಡರ್ ಅನ್ನು ಕೊಂಡುಕೊಂಡಿತು. ನಂತರದ ವರ್ಷಗಳಲ್ಲಿ ಗುಣಮಟ್ಟ ಇಳಿಯಿತು ಅನ್ನೋ ಮಾತು ಹಬ್ಬಿತು. ಅಂದಿನಿಂದ 'ಪ್ರಿ-ಸಿಬಿಎಸ್' ಅನ್ನೋ ಪದವೇ ಮಾರುಕಟ್ಟೆಯಲ್ಲಿ ಒಂದು ಗೆರೆ ಎಳೆದುಬಿಟ್ಟಿದೆ. ಯೋಚನೆ ಮಾಡಿ. 1964ರ ಡಿಸೆಂಬರ್‌ನಲ್ಲಿ ಸ್ಕ್ರೂ ತಿರುಗಿಸಿದ ಕೈಗಳೇ 1965ರ ಫೆಬ್ರುವರಿಯಲ್ಲೂ ತಿರುಗಿಸುತ್ತಿದ್ದವು. ಬದಲಾದದ್ದು ಮಾಲೀಕರು ಮಾತ್ರ.

ಅಂದರೆ ಹಳೆ ಗಿಟಾರ್‌ಗೆ ನಾವು ಕೊಡೋ ದುಡ್ಡಲ್ಲಿ ಒಂದು ಪಾಲು ಸ್ವರಕ್ಕೆ, ಇನ್ನೊಂದು ಪಾಲು ಕಥೆಗೆ. ಕಥೆಗೆ ದುಡ್ಡು ಕೊಡೋದು ತಪ್ಪಲ್ಲ. ಆದರೆ ಕಥೆ ನಿಜವಾಗಿರಬೇಕು. ಇದನ್ನು ನಾನು ಕಲಿತದ್ದು 1,10,000 ರೂಪಾಯಿ ಕೊಟ್ಟು.

ಆ ಒಂದು ಲಕ್ಷದ ಹತ್ತು ಸಾವಿರ

ಮೂರು ವರ್ಷದ ಹಿಂದಿನ ಮಾತು. ಹಳೆಯ ಅಮೆರಿಕನ್ ಗಿಟಾರ್ ನಮ್ಮಂಥ ಸಂಬಳದವರ ಕೈಗೆ ಎಟುಕೋದಿಲ್ಲ. ಹಾಗಾಗಿ ನನ್ನ ಕಣ್ಣು ಜಪಾನಿನ ಕಡೆ ಇತ್ತು. 1982ರಲ್ಲಿ ಫೆಂಡರ್ ಜಪಾನ್ ಶುರುವಾದಾಗ, ಮಾತ್ಸುಮೊಟೋ ಊರಿನ ಫುಜಿಜೆನ್ ಕಾರ್ಖಾನೆಯಲ್ಲಿ 50-60ರ ದಶಕದ ಮಾದರಿಗಳನ್ನು ಬಹಳ ಶ್ರದ್ಧೆಯಿಂದ ಮತ್ತೆ ತಯಾರಿಸಿದರು. ಮೊದಲ ಕೆಲವು ವರ್ಷದವುಗಳ ಸೀರಿಯಲ್ ನಂಬರ್ 'ಜೆವಿ' ಅಕ್ಷರಗಳಿಂದ ಶುರುವಾಗುತ್ತೆ. ಬಲ್ಲವರು ಅವನ್ನು ಹುಡುಕಿಕೊಂಡು ಕೊಳ್ತಾರೆ.

ಆನ್‌ಲೈನ್‌ನಲ್ಲಿ ಒಂದು ಜಾಹೀರಾತು ಬಂತು. "ಜೆವಿ ಸ್ಟ್ರಾಟ್, 1983, ಪೂರ್ತಿ ಒರಿಜಿನಲ್." ಮೂರು ರಾತ್ರಿ ಅದರ ಫೋಟೋಗಳನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ನಾಲ್ಕನೇ ದಿನ ದುಡ್ಡು ಕಳಿಸಿದೆ. ಯಾವ ದುಡ್ಡು? ನಾನೂ ನನ್ನ ಹೆಂಡತಿಯೂ ಮನೆ ಕೊಳ್ಳೋ ಅಡ್ವಾನ್ಸ್‌ಗೆ ಅಂತ ಜಂಟಿ ಖಾತೆಯಲ್ಲಿ ಕೂಡಿಡುತ್ತಿದ್ದ ದುಡ್ಡು. ಅವಳಿಗೆ ಹೇಳಲಿಲ್ಲ. 'ಇದು ಖರ್ಚಲ್ಲ, ಹೂಡಿಕೆ. ಬೆಲೆ ಏರಿದ ಮೇಲೆ ಹೇಳಿದರೆ ಖುಷಿಪಡ್ತಾಳೆ' ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಗಿಟಾರ್ ಬಂದಾಗ "ಫ್ರೆಂಡ್‌ದು, ಸ್ವಲ್ಪ ದಿನಕ್ಕೆ ಕೊಟ್ಟಿದ್ದಾನೆ" ಅಂದೆ.

ನಾಲ್ಕು ತಿಂಗಳು ಚೆನ್ನಾಗಿಯೇ ನುಡಿಯಿತು. ಒಂದು ದಿನ ವಾಲ್ಯೂಮ್ ತಿರುಗಿಸಿದಾಗ ಕರಕರ ಸದ್ದು. ನಮ್ಮ ಏರಿಯಾದಲ್ಲಿ ಗಿಟಾರ್ ರಿಪೇರಿ ಮಾಡುವ ಅಣ್ಣನ ಹತ್ತಿರ ಒಯ್ದೆ. ಅವರು ಮುಂದಿನ ಪ್ಲಾಸ್ಟಿಕ್ ಹಾಳೆ ಬಿಚ್ಚಿ, ಒಂದು ನಿಮಿಷ ಸುಮ್ಮನಿದ್ದು ಕೇಳಿದರು.

"ಸರ್, ಇದನ್ನ ಎಷ್ಟಕ್ಕೆ ತಗೊಂಡ್ರಿ?"

ಆ ದನಿ ಕೇಳಿಯೇ ನನ್ನ ಹೊಟ್ಟೆಯಲ್ಲಿ ಏನೋ ಆಯಿತು. ಹಳೆ ಮಾದರಿಯಲ್ಲಿ ಮೂರು ಪಿಕಪ್‌ಗಳಿಗೆ ಮರದಲ್ಲಿ ಮೂರು ಬೇರೆ ಬೇರೆ ಗುಳಿ ಕೊರೆದಿರುತ್ತಾರೆ. ನನ್ನದರಲ್ಲಿ ಒಂದೇ ದೊಡ್ಡ ಹೊಂಡ. ಒಳಗಿನ ಬಿಡಿಭಾಗಗಳು ಹೊಸವು, ಬೆಸುಗೆ ಫಳಫಳ ಹೊಳೆಯುತ್ತಿತ್ತು. ಜೆವಿ ನಂಬರ್ ಇದ್ದ ಭಾಗ ಅಸಲಿ, ಉಳಿದದ್ದೆಲ್ಲ ಎಲ್ಲೆಲ್ಲಿಂದಲೋ ತಂದು ಸೇರಿಸಿದ್ದು. ಮಾರಿದವನ ಫೋನ್ ಅಷ್ಟರಲ್ಲಿ ಸ್ವಿಚ್ ಆಫ್.

ಅವತ್ತು ರಾತ್ರಿ ಹೆಂಡತಿಗೆ ಎಲ್ಲ ಹೇಳಿದೆ. ಅವಳು ಆಡಿಟಿಂಗ್ ಕೆಲಸದಲ್ಲಿರುವವಳು. ಕೂಗಾಡಲಿಲ್ಲ. ತುಂಬಾ ಹೊತ್ತು ಮಾತೇ ಆಡಲಿಲ್ಲ. ಆಮೇಲೆ ಅಂದದ್ದು ಎರಡೇ ಮಾತು. "ದುಡ್ಡು ಹೋದದ್ದಕ್ಕಿಂತ ಫ್ರೆಂಡ್‌ದು ಅಂದ್ಯಲ್ಲ, ಅದು ಬೇಜಾರು." ಸ್ವಲ್ಪ ಬಿಟ್ಟು, "ನುಡಿಸೋಕೆ ಚೆನ್ನಾಗಿದೆ ಅಂತಿದ್ದೆ. ಹಾಗಾದ್ರೆ ನಿನಗೆ ಬೇಕಿದ್ದಿದ್ದು ಗಿಟಾರಾ, 1983ನೇ ಇಸ್ವಿನಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವನು ನನಗೆ ಮಾಡಿದ್ದನ್ನೇ ನಾನು ಇವಳಿಗೆ ಮಾಡಿದ್ದೆ. ಕಥೆ ಕಟ್ಟಿದ್ದೆ.

ಜಾತಕ ನೋಡುವ ಕ್ರಮ

ಆಮೇಲಿನ ಒಂದು ವರ್ಷ ಕೂತು ಕಲಿತದ್ದನ್ನು ಚಿಕ್ಕದಾಗಿ ಹೇಳ್ತೀನಿ. ಹೆಣ್ಣು-ಗಂಡಿನ ಜಾತಕ ನೋಡುವವರಿಗಿಂತ ಜಾಸ್ತಿ ಅನುಮಾನದಿಂದ ನೋಡಬೇಕು.

ಸೀರಿಯಲ್ ನಂಬರ್: ಇದು ಆರಂಭ ಮಾತ್ರ, ತೀರ್ಪಲ್ಲ. 1970ರಿಂದ 75ರವರೆಗಿನ ಗಿಬ್ಸನ್‌ಗಳ ಆರಂಕಿ ನಂಬರ್ ನೋಡಿ ಇಸ್ವಿ ಖಚಿತವಾಗಿ ಹೇಳೋಕಾಗಲ್ಲ. ಒಂದೇ ನಂಬರ್ ಹಲವು ಗಿಟಾರ್‌ಗಳಲ್ಲಿ ಸಿಗುತ್ತೆ. ಫೆಂಡರ್‌ಗಳಲ್ಲಿ ನೆಕ್ ಮತ್ತು ಬಾಡಿ ಸ್ಕ್ರೂಗಳಿಂದ ಸೇರಿರುತ್ತವೆ. ಹತ್ತು ನಿಮಿಷದಲ್ಲಿ ಅದಲು ಬದಲು ಮಾಡಬಹುದು.

ಒಳಗಿನ ಪಾಟ್: ವಾಲ್ಯೂಮ್, ಟೋನ್ ಗುಂಡಿಗಳ ಕೆಳಗಿರುವ ಲೋಹದ ಭಾಗ. ಅದರ ಬೆನ್ನ ಮೇಲೆ ಅಚ್ಚೊತ್ತಿದ ಅಂಕಿ ನೋಡಿ. ಉದಾಹರಣೆಗೆ 1377322 ಅಂತಿದ್ದರೆ, 137 ಅಂದರೆ ಸಿಟಿಎಸ್ ಕಂಪನಿ, 73 ಅಂದರೆ 1973, 22 ಅಂದರೆ ಆ ವರ್ಷದ ಇಪ್ಪತ್ತೆರಡನೇ ವಾರ. ಆ ಪಾಟ್ ಮೊದಲಿನಿಂದ ಅಲ್ಲೇ ಇದ್ದರೆ, ಗಿಟಾರ್ ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಆದರೆ ಅದಕ್ಕಿಂತ ಹೊಸದಿರಬಹುದು. ಬೆಸುಗೆಯನ್ನೂ ನೋಡಿ. ಹಳೆಯದು ಮಂಕಾಗಿರುತ್ತೆ.

ಬಣ್ಣ: ಹಿಂದೆ ಫೆಂಡರ್, ಗಿಬ್ಸನ್ ಎರಡೂ ಬಳಸುತ್ತಿದ್ದ ನೈಟ್ರೋ ಲ್ಯಾಕರ್ ವಯಸ್ಸಾದಂತೆ ಹಳದಿಗೆ ತಿರುಗುತ್ತೆ. ಬಿಸಿ-ಚಳಿಗೆ ಕೂದಲೆಳೆಯಂಥ ಬಿರುಕು ಬಿಡುತ್ತೆ. ಯುವಿ ಟಾರ್ಚ್ ಹಾಕಿದರೆ ಹಳೇ ಲ್ಯಾಕರ್ ಹಸಿರು-ಹಳದಿಯಾಗಿ ಹೊಳೆಯುತ್ತೆ, ಮೇಲೆ ಹಚ್ಚಿದ ಹೊಸ ಬಣ್ಣ ಬೇರೆಯಾಗಿ ಕಾಣುತ್ತೆ.

ಹೆಡ್‌ಸ್ಟಾಕ್: ತಂತಿ ಬಿಗಿಯುವ ತಲೆಯ ಭಾಗ. ಗಿಬ್ಸನ್‌ಗಳಲ್ಲಿ ಇದು ಹಿಂದಕ್ಕೆ ಬಾಗಿರುತ್ತೆ. ಒಳಗಿನ ಕಬ್ಬಿಣದ ಸರಳಿಗೋಸ್ಕರ ಮರವನ್ನು ಅಲ್ಲೇ ಕೊರೆದಿರುವುದರಿಂದ ಕುತ್ತಿಗೆ ತೆಳು. ಗಿಟಾರ್ ಬೆನ್ನು ಕೆಳಗಾಗಿ ಬಿದ್ದರೆ ಅಲ್ಲೇ ಒಡೆಯುತ್ತೆ. ಒಳ್ಳೆಯವರು ಅಂಟಿಸಿದರೆ ಗಟ್ಟಿಯಾಗೇ ಇರುತ್ತೆ. ಆದರೆ ಬೆಲೆ ಸುಮಾರು ಅರ್ಧಕ್ಕೆ ಇಳಿಯುತ್ತೆ. ಬಣ್ಣ ಬದಲಾಗಿದ್ದರೂ ಹಾಗೆಯೇ.

ನಮ್ಮಂಥವರಿಗೆ ಬಾಗಿಲು ತೆರೆಯೋದು ಇಲ್ಲೇ. ಅಂಟಿಸಿದ ಕುತ್ತಿಗೆ, ಬದಲಾದ ಬಣ್ಣ ಸಂಗ್ರಹಕಾರರಿಗೆ ದೊಡ್ಡ ದೋಷ. ಕಣ್ಣು ಮುಚ್ಚಿ ಕೇಳುವವರಿಗೆ ವ್ಯತ್ಯಾಸ ತಿಳಿಯೋದು ಕಷ್ಟ.

ಐರ್ಲೆಂಡಿನ ರೋರಿ ಗ್ಯಾಲಹರ್ 1963ರಲ್ಲಿ ಕಾರ್ಕ್ ಊರಿನ ಅಂಗಡಿಯಲ್ಲಿ ನೂರು ಪೌಂಡ್‌ಗೆ ಒಂದು ಸೆಕೆಂಡ್ ಹ್ಯಾಂಡ್ 1961ರ ಸ್ಟ್ರಾಟೊಕ್ಯಾಸ್ಟರ್ ಕೊಂಡರು. ಬೆವರಿಗೆ ಬಣ್ಣವೆಲ್ಲ ಎದ್ದುಹೋಗಿ ಬರೀ ಮರ ಉಳಿಯಿತು. ಬಿಡಿಭಾಗಗಳು ಬದಲಾದವು. 1995ರಲ್ಲಿ ತೀರಿಕೊಳ್ಳುವವರೆಗೂ ಅವರು ಅದನ್ನು ಬಿಡಲಿಲ್ಲ. 'ಪೂರ್ತಿ ಒರಿಜಿನಲ್' ಅನ್ನೋ ಅಳತೆಗೋಲಿನಲ್ಲಿ ಅದು ಫೇಲ್. 2024ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಹರಾಜಿನಲ್ಲಿ ಅದಕ್ಕೆ ಬಂದದ್ದು ಸುಮಾರು 8.9 ಲಕ್ಷ ಪೌಂಡ್. ಅದನ್ನು ಐರ್ಲೆಂಡಿನ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಕೊಡಲಾಯಿತು. ಅದರ ಒಂದೊಂದು ಗಾಯವೂ ನಿಜವಾದದ್ದು.

ಅದೇ ಕಥೆಯನ್ನು ಮತ್ತೆ ಮಾರಬಹುದಿತ್ತು

ನನ್ನ ಸೇರಿಸಿ ಕಟ್ಟಿದ ಗಿಟಾರ್ ಏನಾಯ್ತು? ಮಾರೋಕೆ ಹೊರಟೆ. ದಾವಣಗೆರೆಯ ಒಬ್ಬ ಇಂಜಿನಿಯರಿಂಗ್ ಹುಡುಗ ಫೋನ್ ಮಾಡಿದ. ನಂಬರ್‌ನ ಫೋಟೋ ನೋಡಿಯೇ ಅವನಿಗೆ ಉತ್ಸಾಹ. "ಅಣ್ಣಾ, ಜೆವಿ ಅಲ್ವಾ? ತೊಂಬತ್ತು ಸಾವಿರ ಅಂದ್ರೆ ಅಪ್ಪನ್ನ ಒಪ್ಪಿಸ್ತೀನಿ."

ನಿಜ ಹೇಳ್ತೀನಿ, ಒಂದು ಕ್ಷಣ ಬಾಯಿ ತೆರೆಯಲಿಲ್ಲ. 'ಹೌದು' ಅಂದುಬಿಟ್ಟರೆ ಖಾತೆಯ ಹಳ್ಳ ಬಹುಪಾಲು ತುಂಬುತ್ತಿತ್ತು. ಹಾಲ್‌ನಲ್ಲಿ ಹೆಂಡತಿ ಲ್ಯಾಪ್‌ಟಾಪ್ ಹಿಡಿದು ಕೂತಿದ್ದಳು. ತಲೆ ಎತ್ತಲಿಲ್ಲ, ಆದರೆ ಕೀಲಿಮಣೆಯ ಸದ್ದು ನಿಂತಿತ್ತು.

"ತಮ್ಮಾ, ಅದು ಪೂರ್ತಿ ಜೆವಿ ಅಲ್ಲ" ಅಂದೆ. ಬಿಚ್ಚಿದ ಫೋಟೋಗಳನ್ನೆಲ್ಲ ಕಳಿಸಿದೆ. ಅವನು ಎರಡು ದಿನ ಯೋಚಿಸಿ, ಬೆಂಗಳೂರಿಗೆ ಬಂದು ನುಡಿಸಿ ನೋಡಿ, ನಲವತ್ತೆಂಟು ಸಾವಿರಕ್ಕೆ ತಗೊಂಡ. ನನಗೆ ಅರವತ್ತೆರಡು ಸಾವಿರ ನಷ್ಟ. ಅವನು ಈಗಲೂ ಕಾಲೇಜು ಫೆಸ್ಟ್‌ಗಳಲ್ಲಿ ಅದನ್ನೇ ನುಡಿಸ್ತಾನೆ, ವಿಡಿಯೋ ಕಳಿಸ್ತಾನೆ. ಚೆನ್ನಾಗಿ ಕೇಳುತ್ತೆ.

ಓಚನೊಮಿಜುವಿನ ಚೀಟಿ

ಹೋದ ವರ್ಷ ಆಫೀಸ್ ಕೆಲಸಕ್ಕೆ ಮೂರು ತಿಂಗಳು ಟೋಕಿಯೋದಲ್ಲಿದ್ದೆ. ಅಲ್ಲಿ ಓಚನೊಮಿಜು ಅಂತ ಒಂದು ಸ್ಟೇಷನ್. ಇಳಿದು ಮೇಯ್‌ದಾಯ್ ರಸ್ತೆಯಲ್ಲಿ ನಡೆದರೆ ಎರಡೂ ಕಡೆ ಸಾಲು ಸಾಲು ಗಿಟಾರ್ ಅಂಗಡಿ. ನಮ್ಮ ಅವೆನ್ಯೂ ರೋಡಲ್ಲಿ ಪುಸ್ತಕ ಇದ್ದ ಹಾಗೆ.

ಒಂದು ಅಂಗಡಿಯ ಮೂರನೇ ಮಹಡಿಯಲ್ಲಿ 1973ರ ಗಿಬ್ಸನ್ ಲೆಸ್ ಪಾಲ್ ಡಿಲಕ್ಸ್ ನೇತುಹಾಕಿದ್ದರು. ಪಕ್ಕದಲ್ಲಿದ್ದ ಅದೇ ಮಾದರಿಯ ಕೆಡದ ಗಿಟಾರ್‌ಗಿಂತ ಬೆಲೆ ಅರ್ಧದಷ್ಟು, 2,90,000 ಯೆನ್. ನಮ್ಮ ದುಡ್ಡಲ್ಲಿ ಸುಮಾರು 1,65,000. ಯಾಕೆ ಅಂತ ಜೊತೆಗಿದ್ದ ಚೀಟಿಗೆ ಫೋನ್ ಹಿಡಿದು ಅನುವಾದ ಮಾಡಿ ನೋಡಿದೆ. ಹೆಡ್‌ಸ್ಟಾಕ್ ಒಡೆದು ಅಂಟಿಸಿದೆ. ಮೂಲದ ಚಿಕ್ಕ ಪಿಕಪ್ ತೆಗೆದು, ಮರ ಕೊರೆದು, ದೊಡ್ಡದು ಹಾಕಿದೆ. ಫ್ರೆಟ್ ಬದಲಾಗಿದೆ. ತೂಕ 4.4 ಕಿಲೋ. ಪಾಟ್‌ನ ಅಂಕಿಗಳ ಫೋಟೋ. ಬೆರಳು ಆಡಿಸುವ ಹಲಗೆ ಭಾರತದ ರೋಸ್‌ವುಡ್.

ಭಾರತದ ರೋಸ್‌ವುಡ್ ಅಂದರೆ ನಮ್ಮ ಬೀಟೆ. ತೀರ್ಥಹಳ್ಳಿಯ ಅಜ್ಜಿ ಮನೆಯ ಮಂಚದ ಮರ. ಮೊದಲು ಗಿಟಾರ್‌ಗಳಿಗೆ ಬ್ರೆಜಿಲ್‌ನ ರೋಸ್‌ವುಡ್ ಬಳಸುತ್ತಿದ್ದರು. ಅದು ಸಿಗೋದು ಕಷ್ಟವಾದಾಗ, 60ರ ದಶಕದ ಕೊನೆಯಲ್ಲಿ ಅಮೆರಿಕದ ಕಂಪನಿಗಳು ಬೀಟೆಯ ಕಡೆ ತಿರುಗಿದವು. ಕೊಳ್ಳುವವರಿಗೆ ಇದೂ ಮುಖ್ಯ. ಬ್ರೆಜಿಲ್ ಮರದ್ದಾದರೆ 1992ರಿಂದ ಅಂತರರಾಷ್ಟ್ರೀಯ ಮಾರಾಟಕ್ಕೆ ಕಟ್ಟುನಿಟ್ಟಿನ ನಿರ್ಬಂಧ ಇದೆ, ಪರವಾನಗಿ ಇಲ್ಲದೆ ಗಡಿ ದಾಟಿಸಬೇಡಿ. ಬೀಟೆಯ ಸಿದ್ಧ ವಾದ್ಯಗಳಿಗೆ 2019ರ ಕೊನೆಯಿಂದ ಆ ತೊಂದರೆ ಇಲ್ಲ. ಆದರೆ ನಮ್ಮ ಏರ್‌ಪೋರ್ಟ್‌ನಲ್ಲಿ ಬಿಲ್ ತೋರಿಸಿ ಸುಂಕ ಕಟ್ಟಬೇಕಾಗುತ್ತೆ. ಅದನ್ನೂ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಿ.

ಅರ್ಧ ಗಂಟೆ ನುಡಿಸಿದೆ. ಅಂಗಡಿಯ ಹುಡುಗ ತಾನಾಗಿಯೇ ಗಿಟಾರ್ ತಿರುಗಿಸಿ, ಒಡೆದ ಗೆರೆಯ ಮೇಲೆ ಬೆರಳಿಟ್ಟು ತೋರಿಸಿದ. ಆಮೇಲೆ ಮನೆಗೆ ವಿಡಿಯೋ ಕಾಲ್ ಮಾಡಿದೆ.

"ಒಡೆದದ್ದನ್ನ ಬರೆದುಕೊಟ್ಟಿದ್ದಾರಾ?"

"ಎಲ್ಲಾ ಬರೆದಿದ್ದಾರೆ."

"ಯಾವ ದುಡ್ಡು?"

"ಇಲ್ಲಿ ಕೊಟ್ಟ ಅಲೋವೆನ್ಸ್‌ನಲ್ಲಿ ಉಳಿಸಿದ್ದು. ಅಡ್ವಾನ್ಸ್ ಖಾತೆ ಮುಟ್ಟಿಲ್ಲ."

ಸ್ವಲ್ಪ ಹೊತ್ತು ಗಿಟಾರನ್ನೇ ನೋಡಿದಳು. "ಸರಿ, ತಗೋ. ಬಿಲ್ ಮರೀಬೇಡ. ಆ ಚೀಟಿನೂ ತಗೊಂಡ್ ಬಾ."

ಆ ಚೀಟಿ ಈಗ ಗಿಟಾರ್ ಪೆಟ್ಟಿಗೆಯ ಒಳಜೇಬಿನಲ್ಲಿದೆ. ಅದರ ಹಿಂದೆ ನಾನು ಕನ್ನಡದಲ್ಲಿ ಮೂರು ಸಾಲು ಸೇರಿಸಿದ್ದೀನಿ: ಯಾವತ್ತು ಕೊಂಡೆ, ಎಷ್ಟು ಕೊಟ್ಟೆ, ಬಂದ ಮೇಲೆ ಯಾವ ಸ್ವಿಚ್ ಬದಲಿಸಿದೆ. ಇದು ನನಗಿಂತ ಇಪ್ಪತ್ತು ವರ್ಷ ದೊಡ್ಡದು. ನನ್ನ ನಂತರವೂ ಯಾರದಾದರೂ ಕೈಗೆ ಹೋಗುತ್ತೆ. ಅವರಿಗೆ ಒಬ್ಬ ರಿಪೇರಿ ಅಣ್ಣ "ಎಷ್ಟಕ್ಕೆ ತಗೊಂಡ್ರಿ?" ಅಂತ ಕೇಳಿದಾಗ ಹೊಟ್ಟೆಯಲ್ಲಿ ಏನೂ ಆಗಬಾರದು.

ಹಳೆ ಗಿಟಾರ್ ನೋಡಲು ಹೋಗುವಾಗ ಜೇಬಲ್ಲಿ ಒಂದು ಸ್ಕ್ರೂಡ್ರೈವರ್, ಒಂದು ಟಾರ್ಚ್ ಇಟ್ಟುಕೊಳ್ಳಿ. ಬಿಚ್ಚಿ ತೋರಿಸಿ ಅಂತ ಸಂಕೋಚವಿಲ್ಲದೆ ಕೇಳಿ. ಮಾರುವವರು ಬಿಚ್ಚೋಕೆ ಒಪ್ಪದಿದ್ದರೆ ಕಾಫಿ ಕುಡಿದು ಎದ್ದು ಬನ್ನಿ. ಮತ್ತೆ, ಮನೆಯಲ್ಲಿ ಮೊದಲೇ ಹೇಳಿ ಹೋಗಿ.

ಮುಂದಿನ ತಿಂಗಳು: ಮಳೆಗಾಲದ ತೇವದಿಂದ ಗಿಟಾರ್ ಕಾಪಾಡೋದು ಹೇಗೆ? ನಿಮ್ಮ ಅನುಭವಗಳಿದ್ದರೆ ಬರೆದು ಕಳಿಸಿ.