ಬುದ್ಧಿಗೆ ಒಂದೇ ಅಳತೆಗೋಲೆ?

ಪರೀಕ್ಷೆಯ ಫಲಿತಾಂಶ ಬರುವ ದಿನಗಳಲ್ಲಿ ನಮ್ಮ ಮನೆಗಳಲ್ಲಿ ‘ಜಾಣ’, ‘ದಡ್ಡ’ ಎಂಬ ಮಾತುಗಳು ಧಾರಾಳವಾಗಿ ಕೇಳಿಬರುತ್ತವೆ. ಅಂಕಪಟ್ಟಿಯೇ ಬುದ್ಧಿಯ ಅಳತೆಗೋಲೆಂದು ನಾವು ನಂಬಿಬಿಟ್ಟಿದ್ದೇವೆ.

ಬುದ್ಧಿಯನ್ನು ಅಳೆಯುವ ವಿದ್ಯೆ ಮೈಸೂರಿಗೆ ಹೊಸತಲ್ಲ. ಎಲ್ಲ ಬೌದ್ಧಿಕ ಕಾರ್ಯಗಳ ಹಿಂದೆಯೂ ಒಂದು ಸಾಮಾನ್ಯ ಶಕ್ತಿಯಿದೆಯೆಂದು 1904ರಲ್ಲಿ ವಾದಿಸಿದವರು ಇಂಗ್ಲೆಂಡಿನ ಚಾರ್ಲ್ಸ್ ಸ್ಪಿಯರ್‌ಮನ್. ಅವರಲ್ಲಿ ಲಂಡನ್ನಿನಲ್ಲಿ ವ್ಯಾಸಂಗ ಮಾಡಿದ ಎಂ.ವಿ. ಗೋಪಾಲಸ್ವಾಮಿಯವರು 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರ ವಿಭಾಗವನ್ನು ವಹಿಸಿಕೊಂಡರು. ಆ ಶಾಸ್ತ್ರವನ್ನು ನಾವು ಹಳಿಯುವುದಿಲ್ಲ. ಆದರೆ ಅಳತೆಗೋಲಿಗೆ ನಿಲುಕದ್ದೆಲ್ಲ ಇಲ್ಲವೇ ಇಲ್ಲವೆಂದು ತಿಳಿಯುವುದು ಸರಿಯೆ?

ದಸರೆಯಲ್ಲಿ ಸುಮಾರು 750 ಕಿಲೋ ತೂಕದ ಅಂಬಾರಿ ಹೊತ್ತು, ಜನಸಾಗರದ ನಡುವೆ ಬನ್ನಿಮಂಟಪದತ್ತ ಸಾಗುವ ಆನೆಯನ್ನು ನೋಡಿರಿ. ನಾವು ಕಣ್ಣಿನಿಂದ ಅರಿಯುವ ಎಷ್ಟೋ ಸಂಗತಿಗಳನ್ನು ಅದು ಸೊಂಡಿಲಿಗೆ ಬಂದ ವಾಸನೆಯಿಂದ ಅರಿಯುತ್ತದೆ. ಮುಚ್ಚಿದ ಎರಡು ಬಕೆಟ್ಟುಗಳಲ್ಲಿ ಯಾವುದರಲ್ಲಿ ಸೂರ್ಯಕಾಂತಿ ಬೀಜ ಹೆಚ್ಚಿದೆಯೆಂಬುದನ್ನು ಆನೆಗಳು ವಾಸನೆಯಿಂದಲೇ ಗುರುತಿಸಿದವೆಂದು ಥಾಯ್ಲೆಂಡಿನಲ್ಲಿ ನಡೆದ ಪ್ರಯೋಗವೊಂದರ 2019ರ ವರದಿ ತಿಳಿಸುತ್ತದೆ. ಆ ಪರೀಕ್ಷೆಗೆ ನಾವು ಕುಳಿತರೆ ನಪಾಸಾಗುವುದು ಖಂಡಿತ!

ಇನ್ನು ಯಂತ್ರದ ಮಾತು. ಚದುರಂಗದ ಕುದುರೆಯು ಪ್ರತಿ ಮನೆಗೂ ಒಮ್ಮೆ ಮಾತ್ರ ಕಾಲಿಟ್ಟು 64 ಮನೆಗಳನ್ನೂ ಸುತ್ತಿಬರುವ ಬಗೆಗಳನ್ನು ಮುಮ್ಮಡಿ ಕೃಷ್ಣರಾಜ ಒಡೆಯರು ಆಸಕ್ತಿಯಿಂದ ರಚಿಸಿದ್ದರು. ಅಂತಹ ನಡೆಯನ್ನು ಇಂದು ಗಣಕಯಂತ್ರವು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಕೊಡುತ್ತದೆ, ಪ್ರಬಂಧವನ್ನೂ ಬರೆದುಕೊಡುತ್ತದೆ. ನೆನಪು, ಲೆಕ್ಕ, ವೇಗಗಳೆಂದು ನಾವು ಯಾವುದಕ್ಕೆ ಮಕ್ಕಳಿಗೆ ಅಂಕ ಕೊಡುತ್ತ ಬಂದೆವೋ ಅದರಲ್ಲಿಯೇ ಯಂತ್ರ ಮುಂದಾಗಿದೆ. ಆದರೆ ಅಜ್ಜಿಯ ಮುಖ ಬಾಡಿದ್ದನ್ನು ಕಂಡು, ಹೇಳಿಸಿಕೊಳ್ಳದೆಯೇ ನೀರು ತಂದುಕೊಡುವ ಮಗುವಿನ ತಿಳಿವಿಗೆ ಯಾವ ಪಟ್ಟಿಯಲ್ಲಿ ಅಂಕವಿದೆ?

ತಪ್ಪು ಅಳತೆಯಿಂದಾಗುವ ನಷ್ಟ ಸಣ್ಣದಲ್ಲ. ಕಿವಿ ಕೇಳದ ಮಗು ತಾನಾಗಿ ಮಾತು ಕಲಿಯಲಾರದು. ಅದನ್ನು ಮಂದಬುದ್ಧಿಯೆಂದು ಬಗೆದು ಮನೆಯವರು ಕೈಚೆಲ್ಲಿದರೆ, ಕಲಿಯುವ ಎಳೆವಯಸ್ಸೇ ಕಳೆದುಹೋಗುತ್ತದೆ. ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಹಸುಳೆಗಳ ಶ್ರವಣವನ್ನೂ ಪರೀಕ್ಷಿಸುತ್ತಾರೆ. ಕೊರತೆ ಬುದ್ಧಿಯಲ್ಲೋ ಕಿವಿಯಲ್ಲೋ ಎಂದು ಮೊದಲು ವಿಚಾರಿಸುವುದು ಹೆತ್ತವರ ಕರ್ತವ್ಯ.

ತಾಯಿತಂದೆಯರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ: ಈ ಸಲ ಅಂಕಪಟ್ಟಿ ಕೈಗೆ ಬಂದಾಗ ‘ದಡ್ಡ’ ಎಂಬ ಮಾತನ್ನು ನಾಲಗೆಯಲ್ಲಿಯೇ ತಡೆಯಿರಿ. ನಿಮ್ಮ ಮಗುವಿಗೆ ಏನು ತಿಳಿಯುತ್ತದೆ, ಯಾವ ದಾರಿಯಿಂದ ತಿಳಿಯುತ್ತದೆ ಎಂಬುದನ್ನು ಒಂದು ವಾರ ಸುಮ್ಮನೆ ಗಮನಿಸಿರಿ.