ಅಲೆ ನಮ್ಮದು, ಸುಂಕ ಯಾರಿಗೆ?



ರಾತ್ರಿ ಹನ್ನೊಂದೂವರೆಗೆ ಶಟರು ಎಳೆದ ಮೇಲೆ ನಮ್ಮ ಹೊಟೇಲಿನ ಹುಡುಗರು ಏನು ಮಾಡುತ್ತಾರೆಂಬುದು ಗಲ್ಲಾದ ಮೇಲೆ ಕೂತವರಿಗೆ ಗೊತ್ತಿರಲಿಕ್ಕಿಲ್ಲ; ನಮಗೆ ಗೊತ್ತು. ಮೇಜುಗಳನ್ನು ಗೋಡೆಗೆ ಸರಿಸಿ, ನೆಲ ಒರೆಸಿ, ಒರೆಸಿದ ತೇವ ಆರುವ ಮೊದಲೇ ಚಾಪೆ ಬಿಡಿಸುತ್ತಾರೆ. ಬೆಳಿಗ್ಗೆ ಐದಕ್ಕೆ ಮತ್ತೆ ಭಟ್ಟಿ ಹೊತ್ತಿಸಬೇಕು. ನಡುವೆ ನಿದ್ದೆಯಿಂದ ಕಡ ತೆಗೆದ ಅರ್ಧ ಮುಕ್ಕಾಲು ಗಂಟೆಯೊಂದೇ ಅವರ ಸ್ವಂತದ್ದು. ಆಗ ಹತ್ತು ಚಾಪೆಗಳ ಮೇಲೆ ಹತ್ತು ಫೋನುಗಳು ಬೆಳಗುತ್ತವೆ. ಈಚೆಗೆ ಒಂದು ರಾತ್ರಿ, ಕುಂದಾಪುರದ ಕಡೆಯ ಒಬ್ಬ ಹುಡುಗ ಕನ್ನಡ ಚಿತ್ರವೊಂದನ್ನು ನೋಡುತ್ತಿದ್ದ. ಕಥೆ ಕುದುರುವ ಹೊತ್ತಿಗೆ ಪರದೆಯ ಮೇಲೆ ಚಕ್ರ ತಿರುಗತೊಡಗಿತು. ದಿನದ ಪಾಲಿನ ಡಾಟಾ ಮುಗಿದಿತ್ತು. "ಪುಕ್ಕಟೆ ಅಂದಿದ್ರಲ್ಲ ಅಣ್ಣ, ಮತ್ತೆ ಇದೆಂತದ್ದು?" ಎಂದು ಅವನು ನಮ್ಮನ್ನು ಕೇಳಿದ.

ಆ ಪ್ರಶ್ನೆಗೆ ನಮ್ಮಲ್ಲಿ ಅಂದು ಉತ್ತರವಿರಲಿಲ್ಲ. ಇಂದು ಬರೆಯುತ್ತಿದ್ದೇವೆ.

೨೦೨೪ನೆಯ ನವೆಂಬರ್ ೨೦ರಂದು ಗೋವೆಯಲ್ಲಿ, ಅಂತರರಾಷ್ಟ್ರೀಯ ಚಲನಚಿತ್ರೋತ್ಸವದ ಉದ್ಘಾಟನೆಯ ದಿನವೇ, ಪ್ರಸಾರ ಭಾರತಿಯು ಒಂದು ಹೊಸ ಸೇವೆಯನ್ನು ಆರಂಭಿಸಿತು. ಅದರ ಹೆಸರು 'ವೇವ್ಸ್'. ಅಂದರೆ ಅಲೆಗಳು. ಫೋನಿನಲ್ಲಾಗಲಿ ಹೊಸ ಬಗೆಯ ಟೀವಿಯಲ್ಲಾಗಲಿ ಇಂಟರ್ನೆಟ್ ಮೂಲಕ ನೋಡುವ ಸೇವೆ ಇದು. ಹನ್ನೆರಡಕ್ಕೂ ಹೆಚ್ಚು ಭಾಷೆಗಳು, ಅರವತ್ತೈದು ಚಾನೆಲುಗಳು, ಆಕಾಶವಾಣಿ, ಸಿನಿಮಾ, ದೂರದರ್ಶನದ ಹಳೆಯ ಧಾರಾವಾಹಿಗಳು ಎಂದು ಅಂದು ಸಾರಿದರು. ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಆಟಗಳೂ ಇವೆ, ಸಾಮಾನು ಕೊಳ್ಳುವ ಅಂಗಡಿಯೂ ಇದೆ! ಕೆಲವಕ್ಕೆ ಚಂದಾ ಇಟ್ಟರು. ಬಹುಪಾಲು ಪುಕ್ಕಟೆ ಎಂದರು.

ಮೊದಲೇ ಹೇಳಿಬಿಡುತ್ತೇವೆ: ಇಂಥದೊಂದು ಸೇವೆ ಬಂದದ್ದು ಒಳ್ಳೆಯದೇ. ಸರಕಾರದ್ದೆಂದರೆ ಸಪ್ಪೆ ಎಂದು ಮೂಗು ಮುರಿಯುವವರ ಸಾಲಿನಲ್ಲಿ ನಾವಿಲ್ಲ. ಲಾಭಕ್ಕೆಂದೇ ಅಂಗಡಿ ತೆರೆದವನು ಲಾಭ ತಾರದ ಸರಕನ್ನು ಎಷ್ಟು ದಿನ ಇಟ್ಟಾನು? ಲಾಭ ನೋಡದೆ ಒಳ್ಳೆಯದನ್ನು ಜನರ ಮುಂದಿಡುವ ಒಂದು ಸಂಸ್ಥೆ ಈ ದೇಶಕ್ಕೆ ಬೇಕೇ ಬೇಕು. ನಮ್ಮ ತಕರಾರು ಸೇವೆಯ ಮೇಲಲ್ಲ; 'ಪುಕ್ಕಟೆ' ಎಂಬ ಆ ಒಂದು ಮಾತಿನ ಮೇಲೆ.

ಯಾರು ಯಾರಿಗೆ ಪುಕ್ಕಟೆ ಕೊಡುತ್ತಿದ್ದಾರೆ? ೨೦೨೩ರ ಜನವರಿಯಲ್ಲಿ ಕೇಂದ್ರ ಸರಕಾರವು ಆಕಾಶವಾಣಿ, ದೂರದರ್ಶನಗಳ ಸುಧಾರಣೆಗೆಂದು ೨,೫೩೯.೬೧ ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಆ ಹಣ ಯಾವ ಸೇಠಜಿಯ ತಿಜೋರಿಯದೂ ಅಲ್ಲ. ಮೋರಿಯ ಮುಂದೆ ಕೂತು ತಟ್ಟೆ ತೊಳೆಯುವ ಹುಡುಗ ಫೋನಿಗೆ ರೀಚಾರ್ಜು ಮಾಡಿಸಿದಾಗ ನೂರಕ್ಕೆ ಹದಿನೆಂಟು ತೆರಿಗೆ ಕಟ್ಟುತ್ತಾನೆ. ನಮ್ಮ ಅಜ್ಜಂದಿರು ರೇಡಿಯೋ ಇಟ್ಟುಕೊಂಡದ್ದಕ್ಕೆ ಅಂಚೆ ಕಚೇರಿಯಲ್ಲಿ ಲೈಸೆನ್ಸಿನ ಹಣ ಕಟ್ಟಿದವರು. ನಾವು ಮೊದಲೇ ಬೆಲೆ ತೆತ್ತದ್ದನ್ನು ಧರ್ಮಕ್ಕೆ ಕೊಟ್ಟ ಹಾಗೆ ಮಾತಾಡಬಾರದು.

ಇದು ಮೊದಲನೆಯ ಮಾತು. ಎರಡನೆಯದು ಇದಕ್ಕಿಂತ ದೊಡ್ಡದು. ಅದು ದಾರಿಯ ಮಾತು.

ದೂರದರ್ಶನ ದಿಲ್ಲಿಯಲ್ಲಿ ಹುಟ್ಟಿದ್ದು ೧೯೫೯ರ ಸಪ್ಟೆಂಬರ್ ೧೫ರಂದು. ಮುಂಬಯಿಗೆ ಬಂದದ್ದು ೧೯೭೨ರ ಅಕ್ಟೋಬರ್ ೨ರಂದು. ಗಿರಣಗಾಂವದ ಚಾಳುಗಳಲ್ಲಿ ಬಾಳಿದ ನಮ್ಮ ಹಿರಿಯರು ಈಗಲೂ ಹೇಳುತ್ತಾರೆ: ಒಂದು ಮಾಳಿಗೆಗೆ ಒಂದು ಟೀವಿ. ೧೯೮೪ರಲ್ಲಿ 'ಹಮ್ ಲೋಗ್' ಬಂದಾಗ ಆ ಒಂದು ಖೋಲಿಯ ಬಾಗಿಲಲ್ಲಿ ಚಾಳಿಗೆ ಚಾಳೇ ನೆರೆಯುತ್ತಿತ್ತಂತೆ. ಚಿತ್ರ ಗಾಳಿಯಲ್ಲಿ ಬರುತ್ತಿತ್ತು. ಮಾಡಿನ ಮೇಲಿನ ಏರಿಯಲ್ಲು ಅದನ್ನು ಹಿಡಿಯುತ್ತಿತ್ತು. ಒಬ್ಬ ನೋಡಿದರೂ ಅಷ್ಟೇ, ಐವತ್ತು ಮಂದಿ ನೋಡಿದರೂ ಅಷ್ಟೇ. ಒಂದು ಗಂಟೆ ಹೆಚ್ಚು ನೋಡಿದ್ದಕ್ಕೆ ಯಾರೂ ಬಂದು ಸುಂಕ ಕೇಳಲಿಲ್ಲ.

ಆ ದಾರಿ ಈಗ ಮುಚ್ಚಿದೆ. ಹಳೆಯ ಟ್ರಾನ್ಸ್‌ಮಿಟರುಗಳಲ್ಲಿ ಆಯಕಟ್ಟಿನ ಜಾಗಗಳಲ್ಲಿರುವ ಸುಮಾರು ಐವತ್ತನ್ನು ಬಿಟ್ಟು ಉಳಿದವನ್ನು ನಿಲ್ಲಿಸುವುದಾಗಿ ಪ್ರಸಾರ ಭಾರತಿ ೨೦೨೧ರಲ್ಲಿ ಪ್ರಕಟಿಸಿತು. ಹಳೆಯ ಯಂತ್ರ ಹೋಗಬಾರದೆಂದು ನಾವು ಅಳುವುದಿಲ್ಲ. ಹಳೆಯದು ಹೋದ ಜಾಗದಲ್ಲಿ ಬಂದ ಹೊಸ ದಾರಿಯ ಹೆಬ್ಬಾಗಿಲಲ್ಲಿ ಯಾರು ಕೂತಿದ್ದಾರೆ, ಅಷ್ಟನ್ನೇ ಕೇಳುತ್ತೇವೆ.

ಲೆಕ್ಕ ನೋಡಿ. ಸಾಧಾರಣ ಗುಣಮಟ್ಟದ ಚಿತ್ರ ಗಂಟೆಗೆ ಅರ್ಧದಿಂದ ಒಂದು ಜೀಬಿ ಡಾಟಾ ಕುಡಿಯುತ್ತದೆ. ದಿನಕ್ಕೆ ಒಂದೂವರೆ ಜೀಬಿಯ ಪ್ಯಾಕು ಹಾಕಿಸಿದವನು ಒಂದು ಸಿನಿಮಾ ಪೂರ್ತಿ ನೋಡಿದರೆ, ಊರಲ್ಲಿರುವ ಅಮ್ಮನ ಮುಖ ನೋಡಿ ಮಾತಾಡಲು ಉಳಿಯುವುದೇನು? ೨೦೨೪ರ ಜುಲೈಯಲ್ಲಿ ದೇಶದ ಮೂರು ದೊಡ್ಡ ಖಾಸಗಿ ಫೋನು ಕಂಪನಿಗಳೂ ಒಂದರ ಬೆನ್ನಿಗೊಂದು ದರ ಏರಿಸಿದವು. ನಮ್ಮ ಪಗಾರ ಆ ಜುಲೈಯಲ್ಲಿ ಏರಿತೇ? ಚಿತ್ರಕ್ಕೆ ಹಣವಿಲ್ಲ, ಆದರೆ ಚಿತ್ರದ ಬಳಿಗೆ ಹೋಗುವ ಹೆಜ್ಜೆ ಹೆಜ್ಜೆಗೂ ಸುಂಕ. ದೇವಸ್ಥಾನಕ್ಕೆ ಟಿಕೇಟಿಲ್ಲ, ಆದರೆ ಮೆಟ್ಟಿಲುಗಳೆಲ್ಲ ಸಾಹುಕಾರನವು ಎಂದ ಹಾಗಾಯಿತು.

೧೯೯೫ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಕ್ರಿಕೆಟ್ ಪ್ರಸಾರದ ಮೊಕದ್ದಮೆಯೊಂದರಲ್ಲಿ, ಆಕಾಶದ ಪ್ರಸಾರ ಅಲೆಗಳು ಸಾರ್ವಜನಿಕರ ಆಸ್ತಿಯೆಂದು ತೀರ್ಪು ಕೊಟ್ಟಿತು. ಸಾರ್ವಜನಿಕರೆಂದರೆ ಯಾರು? ನಾವೂ ಸೇರಿಯೇ ತಾನೆ? ಅಲೆ ನಮ್ಮದು, ಸೇವೆಗೆ 'ಅಲೆಗಳು' ಎಂದೇ ಹೆಸರು, ಆದರೆ ಅದು ಬರುವುದು ಮಾತ್ರ ಪರರ ಓಣಿಯಲ್ಲಿ, ಸುಂಕ ಕಟ್ಟಿಕೊಂಡು!

"ಬೇರೆ ದಾರಿ ಎಲ್ಲಿದೆ?" ಎಂದು ಕೇಳುವವರಿದ್ದಾರೆ. ಒಂದಲ್ಲ, ಎರಡಿವೆ.

ಒಂದು, ಫ್ರೀ ಡಿಶ್. ೨೦೦೪ರ ಡಿಸೆಂಬರಿನಲ್ಲಿ ಬೇರೆ ಹೆಸರಿನಿಂದ ಆರಂಭವಾದ ಪ್ರಸಾರ ಭಾರತಿಯದೇ ಸೇವೆ. ತಟ್ಟೆಯನ್ನೂ ಪೆಟ್ಟಿಗೆಯನ್ನೂ ಒಮ್ಮೆ ಕೊಂಡರೆ ಮುಗಿಯಿತು, ತಿಂಗಳ ಬಾಡಿಗೆಯಿಲ್ಲ. ನಮ್ಮ 'ಚಂದನ' ಅದರಲ್ಲಿ ಬರುತ್ತದೆ. ಮೇಲೆ ಹೇಳಿದ ಯೋಜನೆಯಲ್ಲಿ ಗಡಿ ಪ್ರದೇಶದ, ಗುಡ್ಡಗಾಡಿನ, ಹಿಂದುಳಿದ ಜಿಲ್ಲೆಗಳ ಜನರಿಗೆ ಎಂಟು ಲಕ್ಷಕ್ಕೂ ಹೆಚ್ಚು ಪೆಟ್ಟಿಗೆಗಳನ್ನು ಹಂಚುವ ಮಾತಿದೆ. ಒಳ್ಳೆಯ ಕೆಲಸ. ಆದರೆ ಹಿಂದುಳಿದ ಪ್ರದೇಶ ಬೆಟ್ಟದಾಚೆಗೆ ಮಾತ್ರ ಇರುವುದಿಲ್ಲ. ಮುಂಬಯಿಯ ಹೊಟೇಲಿನ ಅಟ್ಟದ ಮೇಲೂ ಒಂದು ಹಿಂದುಳಿದ ಪ್ರದೇಶವಿದೆ.

ಎರಡು, ಇಂಟರ್ನೆಟ್ಟೂ ಇಲ್ಲದೆ, ಸಿಮ್ಮೂ ಬೇಡದೆ, ರೇಡಿಯೋ ಬಂದ ಹಾಗೆ ನೇರ ಫೋನಿಗೇ ಚಿತ್ರ ಬರುವ ಉಪಾಯ. 'ಡೈರೆಕ್ಟ್ ಟು ಮೊಬೈಲ್' ಎನ್ನುತ್ತಾರೆ. ಇದು ಕನಸಲ್ಲ. ಕಾನಪುರದ ಐಐಟಿಯೂ ಪ್ರಸಾರ ಭಾರತಿಯೂ ಕೂಡಿ ನಡೆಸಿದ ಪ್ರಯೋಗ ಇದು. ದಿಲ್ಲಿ, ನೋಯ್ಡಾಗಳಲ್ಲಿ ನಡೆದಂತೆ ನಮ್ಮ ಬೆಂಗಳೂರಲ್ಲೂ ನಡೆಯಿತು. ಹತ್ತೊಂಬತ್ತು ನಗರಗಳಲ್ಲಿ ಪರೀಕ್ಷೆ ಮಾಡುತ್ತೇವೆಂದು ೨೦೨೪ರ ಜನವರಿಯಲ್ಲಿ ಸರಕಾರವೇ ಹೇಳಿತು. ಫೋನಿನೊಳಗೆ ಅದಕ್ಕೆ ಬೇರೆ ಚಿಪ್ಪು ಬೇಕು, ಖರ್ಚುಂಟು, ನಿಜ. ಆದರೆ ಇದಕ್ಕೆ ತಕರಾರು ತೆಗೆದವರು ಯಾರು ಬಲ್ಲಿರಾ? ಫೋನು ಕಂಪನಿಗಳ ಸಂಘ! ಊರಿನಲ್ಲಿ ಬಾವಿ ತೋಡುತ್ತಾರೆಂದರೆ ಕೊಡಕ್ಕಿಷ್ಟು ಎಂದು ನೀರು ಮಾರುವವನಿಗೆ ಸಂಕಟವಾಗದಿರುತ್ತದೆಯೇ? ಅವರು ಸಂಘ ಕಟ್ಟಿ ಮಾತಾಡುತ್ತಾರೆ. ನೋಡುವವರ ಪರವಾಗಿ ಮಾತಾಡುವ ಸಂಘ ಯಾವುದು? ನಾವು ಆಡದಿದ್ದರೆ ಯಾವುದೂ ಇಲ್ಲ.

ಇನ್ನು ಮೂರನೆಯ ಮಾತು, ಕಾಯಿದೆಯದು. ೧೯೯೦ರಲ್ಲಿ ಪಾಸಾಗಿ ೧೯೯೭ರಲ್ಲಿ ಜಾರಿಗೆ ಬಂದ ಪ್ರಸಾರ ಭಾರತಿ ಕಾಯಿದೆಯ ೧೨ನೆಯ ಕಲಮನ್ನು ನಮ್ಮ ಗೆಳೆಯರೊಬ್ಬರಿಂದ ಓದಿಸಿ ಅರ್ಥ ಕೇಳಿಕೊಂಡೆವು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವರಿಗೂ ತಿಳಿಯುವ ಮಾತುಗಳೇ ಅಲ್ಲಿವೆ. ದುಡಿಯುವ ವರ್ಗದವರ ಹಕ್ಕುಗಳನ್ನು ಕಾಪಾಡಿ ಅವರ ಹಿತವನ್ನು ಮುಂದುವರಿಸುವುದು ಈ ಸಂಸ್ಥೆಯ ಗುರಿಗಳಲ್ಲೊಂದು ಎಂದು ಅಲ್ಲಿದೆ. ದೇಶದ ನಾನಾ ಪ್ರದೇಶಗಳ ಸಂಸ್ಕೃತಿಗೂ ಭಾಷೆಗೂ ತಕ್ಕಷ್ಟು ಜಾಗ ಕೊಡಬೇಕೆಂದೂ ಇದೆ. ದುಡಿಯುವವರು, ಭಾಷೆ. ಎರಡೂ ನಮ್ಮವೇ. ಕನ್ನಡನಾಡಿನ ಹೊರಗೆ ದುಡಿಯುವ ಕನ್ನಡಿಗನಿಗಿಂತ ಹೆಚ್ಚಾಗಿ ಈ ಕಲಮು ಯಾರಿಗಾಗಿ ಬರೆದದ್ದು?

ಪಟ್ಟಿಯಲ್ಲಿ ಕನ್ನಡದ ಹೆಸರಿದ್ದರೆ ಸಾಲದು. ಹೊಟೇಲಿನ ಹಲಗೆಯ ಮೇಲೆ ನೀರುದೋಸೆ ಎಂದು ಬರೆದು, ಕೇಳಿದಾಗ ಇಲ್ಲವೆಂದರೆ ಗಿರಾಕಿ ಸುಮ್ಮನಿರುತ್ತಾನೆಯೇ? ಕನ್ನಡದ ಕಪಾಟು ತುಂಬಿರಬೇಕು. ದೇಶದ ಅತ್ಯುತ್ತಮ ಚಿತ್ರಕ್ಕೆ ಕೊಡುವ ಸ್ವರ್ಣಕಮಲವನ್ನು ಕನ್ನಡಕ್ಕೆ ತಂದ ಚಿತ್ರಗಳು ಸಂಸ್ಕಾರ, ಚೋಮನ ದುಡಿ, ಘಟಶ್ರಾದ್ಧ, ತಬರನ ಕಥೆ, ತಾಯಿ ಸಾಹೇಬ, ದ್ವೀಪ. ಚೋಮ ಯಾರು? ಹೊಲವೊಂದು ಸ್ವಂತದ್ದಾಗಲೆಂದು ಹಂಬಲಿಸಿದ ನಮ್ಮ ಕರಾವಳಿಯ ಜೀತದಾಳು. ತಬರ ಯಾರು? ತನ್ನ ಪೆನ್ಶನ್ನಿಗಾಗಿ ಕಚೇರಿಯಿಂದ ಕಚೇರಿಗೆ ಅಲೆದು ಸೋತ ಜವಾನ. ಪ್ರಾವಿಡೆಂಟ್ ಫಂಡಿಗಾಗಿ ಅಲೆದ ನಮ್ಮ ಗಿರಣಿಯ ಹಿರಿಯರಿಗೆ ತಬರನ ಪರಿಚಯ ಮಾಡಿಕೊಡಬೇಕೇ? ಆದರೆ ಆ ಚಿತ್ರ ನೋಡಿದವರು ಎಷ್ಟು ಮಂದಿ ಎಂದು ಒಂದು ಸಭೆಯಲ್ಲಿ ಕೇಳಿದರೆ ಎತ್ತಿದ ಕೈಗಳು ಎರಡೇ ಎರಡು.

ಇನ್ನೊಂದು ಉದಾಹರಣೆ. ಶಂಕರ್ ನಾಗ್ ಅವರು ದೂರದರ್ಶನಕ್ಕಾಗಿ 'ಮಾಲ್ಗುಡಿ ಡೇಸ್' ತೆಗೆದದ್ದು ನಮ್ಮ ಮಲೆನಾಡಿನ ಆಗುಂಬೆಯಲ್ಲಿ. ಮಣ್ಣು ಕನ್ನಡದ್ದು, ಮಳೆ ಕನ್ನಡದ್ದು, ನಟರಲ್ಲಿ ಬಹಳ ಮಂದಿ ಕನ್ನಡದವರು. ಧಾರಾವಾಹಿ ತಯಾರಾದದ್ದು ಮಾತ್ರ ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ. ಅದು ಅಂದಿನ ಕಾಲ. ಒಂದು ಚಾನೆಲಿನಲ್ಲಿ ಇಡೀ ದೇಶವನ್ನು ಕೂರಿಸಬೇಕಾಗಿತ್ತು. ಇಂದು ಆ ನೆಪವಿಲ್ಲ. ಇಂಟರ್ನೆಟ್ಟಿನ ಕಪಾಟಿಗೆ ಜಾಗದ ಕೊರತೆಯಿಲ್ಲ.

ನಮ್ಮಲ್ಲೇ ಕೆಲವು ಗೆಳೆಯರು ಗದರಿಸುತ್ತಾರೆ: "ಪಗಾರದ ಮಾತಾಡಿ, ವಾರದ ರಜೆಯ ಮಾತಾಡಿ, ಟೀವಿಯ ಮಾತು ಯಾಕೆ?" ಬಂಧುಗಳೇ, ರಜೆ ಕೇಳುವುದು ಯಾತಕ್ಕೆ? ಎಂಟು ಗಂಟೆ ದುಡಿತ, ಎಂಟು ಗಂಟೆ ನಿದ್ದೆ, ಎಂಟು ಗಂಟೆ ನಮ್ಮದು ಎಂದು ಜಗತ್ತಿನ ಕಾರ್ಮಿಕರು ಹೋರಾಡಿದ್ದು ಬರಿಯ ಸುಸ್ತು ಕಳೆಯುವುದಕ್ಕಲ್ಲ. ಮನುಷ್ಯರಾಗಿ ನಗುವುದಕ್ಕೆ, ಅಳುವುದಕ್ಕೆ, ತಿಳಿಯುವುದಕ್ಕೆ. ೧೯೮೨ರ ಜನವರಿ ೧೮ರಂದು ಆರಂಭವಾದ ಗಿರಣಿ ಮುಷ್ಕರದಲ್ಲಿ ಎರಡೂವರೆ ಲಕ್ಷದಷ್ಟು ಕಾರ್ಮಿಕರು ಹೊರಬಂದರು. ಮುಂದೆ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಆ ನೆಲದ ಮೇಲೆ ಇಂದು ಮಾಲುಗಳಿವೆ, ಮಾಲುಗಳೊಳಗೆ ಸಿನಿಮಾ ಮಂದಿರಗಳಿವೆ. ತಂದೆ ಮಗ್ಗ ನಡೆಸಿದ ಜಾಗದಲ್ಲಿ ಮಗ ಸಿನಿಮಾ ನೋಡಬೇಕಾದರೆ ಕೈ ಜೇಬಿಗೆ ಹೋಗಿ ಹಾಗೆಯೇ ಹಿಂದೆ ಬರುತ್ತದೆ. ಆಮೇಲೂ ಸಿನಿಮಾ ಕಾರ್ಮಿಕರ ಪ್ರಶ್ನೆಯಲ್ಲ ಎನ್ನುವುದೇ?

ಇಷ್ಟು ಹೇಳಿದ ಮೇಲೆ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ಅಂದು ಐವತ್ತು ಮಂದಿಗೆ ಒಂದು ಟೀವಿ ಇತ್ತು. ಇಂದು ಹತ್ತು ಮಂದಿಗೆ ಹತ್ತು ಫೋನುಗಳಿವೆ, ಒಬ್ಬನ ನಗು ಇನ್ನೊಬ್ಬನಿಗೆ ಕೇಳುವುದಿಲ್ಲ. ಹೆಬ್ಬೆರಳಿನಿಂದ ಅರ್ಧ ನಿಮಿಷದ ತುಣುಕುಗಳನ್ನು ತಳ್ಳುತ್ತಾ ತಳ್ಳುತ್ತಾ ಎರಡು ಗಂಟೆ ಹೊಡೆಯುತ್ತದೆ. ಏನು ನೋಡಿದೆ ಎಂದರೆ ನೆನಪಿಲ್ಲ. ಅದಕ್ಕೂ ಸುಂಕ ಕಟ್ಟಿದ್ದೇವೆ! ರಾತ್ರಿಶಾಲೆಗಳಲ್ಲಿ ಕಣ್ಣುಜ್ಜಿಕೊಂಡು ಕಲಿತ ಹೊಟೇಲು ಹುಡುಗರ ಊರು ಇದು. ಆ ಶಾಲೆಗಳಲ್ಲಿ ಹಲವು ಇಂದಿಲ್ಲ. ಅವು ಬಿಟ್ಟುಹೋದ ಜಾಗವನ್ನು ತುಸುವಾದರೂ ತುಂಬಬಲ್ಲ ಸೇವೆಯೊಂದು ಕೈಯಲ್ಲಿರುವಾಗ ಅದನ್ನು ಕೇಳಿ ಪಡೆಯದಿರುವುದು ನಮ್ಮದೇ ದಡ್ಡತನ.

ಆದ್ದರಿಂದ ನಾವು ಇಷ್ಟನ್ನು ಕೇಳುತ್ತೇವೆ.

ಒಂದು: ಸ್ವರ್ಣಕಮಲ ಪಡೆದ ಆ ಆರೂ ಕನ್ನಡ ಚಿತ್ರಗಳು ಚಂದಾ ಇಲ್ಲದೆ ಸದಾ ಸಿಗುವಂತಿರಲಿ. ಹಕ್ಕು ನಿರ್ಮಾಪಕರದೆಂದರೆ ನ್ಯಾಯವಾದ ಬೆಲೆ ಕೊಟ್ಟು ಕೊಳ್ಳಲಿ.

ಎರಡು: ಬೆಂಗಳೂರು ದೂರದರ್ಶನವೂ ಆಕಾಶವಾಣಿಯೂ ವರ್ಷಾನುಗಟ್ಟಲೆ ಕೂಡಿಟ್ಟ ನಾಟಕ, ಯಕ್ಷಗಾನ, ಭಾಷಣಗಳು ಹೊರಬರಲಿ. ಅವಕ್ಕೆ ನಾವು ಆಗಲೇ ಬೆಲೆ ತೆತ್ತಿದ್ದೇವೆ.

ಮೂರು: ಸೇವೆಯ ಬಾಗಿಲಿನಿಂದ ಒಳಮನೆಯವರೆಗೆ ಪ್ರತಿಯೊಂದು ಸೂಚನೆಯೂ ಕನ್ನಡದಲ್ಲಿರಲಿ. ಕನ್ನಡ ಬಿಟ್ಟು ಬೇರೆ ಲಿಪಿ ಓದಲಾರದ ಅಡಿಗೆಭಟ್ಟರೂ ತಾವೇ ತೆರೆದು ನೋಡುವಂತಿರಲಿ.

ನಾಲ್ಕು: ಡಾಟಾ ಇಲ್ಲದೆ ಫೋನಿಗೆ ಬರುವ ಪ್ರಸಾರವನ್ನು ಕಂಪನಿಗಳ ತಕರಾರಿಗೆ ಅಂಜಿ ಮೂಲೆಗೆ ಸೇರಿಸಬೇಡಿ.

ಐದನೆಯದು ನಮ್ಮ ಮಾಲಕರಿಗೆ. ನಿಮ್ಮಲ್ಲಿ ಎಷ್ಟೋ ಮಂದಿ ಒಂದು ಕಾಲಕ್ಕೆ ಅದೇ ಮೋರಿಯ ಮುಂದೆ ಕೂತವರು. ಹುಡುಗರು ಮಲಗುವಲ್ಲಿ ಒಂದು ಟೀವಿ, ಮಾಡಿನ ಮೇಲೆ ಒಂದು ಫ್ರೀ ಡಿಶ್ ತಟ್ಟೆ ಹಾಕಿಸಿಕೊಡಿ. ವೈಫೈ ಇದ್ದರೆ ಅದು ಗಿರಾಕಿಗೆ ಮಾತ್ರವೆಂದು ಬೀಗ ಹಾಕಬೇಡಿ.

ಬಂಧುಗಳೇ, ಮುಂದಿನ ಭಾನುವಾರ ಸಂಘದ ಕಚೇರಿಯಲ್ಲಿ ಅಂಚೆ ಕಾರ್ಡುಗಳನ್ನು ಇಟ್ಟಿರುತ್ತೇವೆ. ಒಂದು ದಿಲ್ಲಿಯ ಪ್ರಸಾರ ಭಾರತಿಗೆ, ಒಂದು ಬೆಂಗಳೂರಿನ ದೂರದರ್ಶನಕ್ಕೆ. ಬರೆಯಲು ಬಂದವರು ಬರೆಯಿರಿ, ಬಾರದವರು ಹೇಳಿ ಬರೆಸಿರಿ. ಕುಂದಾಪುರದ ಆ ಹುಡುಗ ಮೊದಲನೆಯ ಕಾರ್ಡು ಬರೆಯುತ್ತೇನೆಂದಿದ್ದಾನೆ. ಅವನು ಕೇಳುವುದು ಧರ್ಮವಲ್ಲ. ಅರ್ಧಕ್ಕೆ ನಿಂತ ಕಥೆಯ ಉಳಿದರ್ಧ. ಅದು ಅವನ ಪಾಲು, ನಮ್ಮೆಲ್ಲರ ಪಾಲು. ಕೇಳಿಯೇ ಪಡೆಯೋಣ.